ಎಣ್ಣೆ ಮರಳು, ಬೆತ್ತದ ಕುರ್ಚಿ

ನೆನೆಹಾಕಿದ ಬೆತ್ತಕ್ಕೆ ಒಂದು ವಾಸನೆಯಿದೆ. ಅದು ಮಳೆಯಲ್ಲಿ ತೊಯ್ದ ಹುಲ್ಲಿನದೂ ಅಲ್ಲ, ಹಳೆಯ ಬುಟ್ಟಿಯದೂ ಅಲ್ಲ, ಎರಡರ ನಡುವಿನದು. ನಿನ್ನೆ ಬೆಳಗಿನಿಂದ ನಮ್ಮ ಕೊಚ್ಚಿಯ ಮನೆಯ ಹಿತ್ತಲಿನಲ್ಲಿ ಆ ವಾಸನೆ ತುಂಬಿಕೊಂಡಿದೆ. ಬೆತ್ತ ಹೆಣೆಯುವ ವರ್ಗೀಸ್ ಬಕೆಟ್ಟಿನ ನೀರಿನಲ್ಲಿ ಬೆತ್ತದ ಸುರುಳಿಗಳನ್ನು ಮುಳುಗಿಸಿಟ್ಟು, ನನ್ನ ಕುರ್ಚಿಯನ್ನು ತಲೆಕೆಳಗಾಗಿ ಮಲಗಿಸಿಕೊಂಡು, ಅದರ ಹರಿದ ಹೆಣಿಗೆಯನ್ನು ಕೊಯ್ದು ತೆಗೆಯುತ್ತಿದ್ದ. “ಸಾರ್, ಇದನ್ನು ಬಿಸಾಡಿ ಎರಡು ಪ್ಲಾಸ್ಟಿಕ್ ಕುರ್ಚಿ ತರಬಾರದೇ?” ಎಂದು ಮಲಯಾಳದಲ್ಲಿ ಕೇಳಿದ. ಈ ಪ್ರಶ್ನೆಯನ್ನು ಅವನು ಕೇಳುತ್ತಿರುವುದು ನಾಲ್ಕನೆಯ ಸಲ. ಹಿಂದಿನ ಮೂರು ಸಲ ಯಾವ ಯಾವ ದಿನ ಕೇಳಿದ ಎಂಬುದನ್ನೂ ನಾನು ಹೇಳಬಲ್ಲೆ.

ಓದುಗ ಮಿತ್ರರು ನನ್ನನ್ನು ಹಗೆ ಸಾಧಿಸುವ ಮನುಷ್ಯನೆಂದು ಎಣಿಸಬಾರದು. ಮರೆಯದಿರುವುದು ಬೇರೆ, ಹಗೆ ಬೇರೆ. ವಿಲ್ಲಿಂಗ್ಡನ್ ಐಲ್ಯಾಂಡಿನ ಬಂದರಿನಲ್ಲಿ ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕಸ್ಟಮ್ಸ್ ಎಕ್ಸಾಮಿನರ್ ಆಗಿದ್ದವನು. ಹಡಗಿನಿಂದ ಇಳಿದ ಪೆಟ್ಟಿಗೆಯ ಮೇಲೆ ಏನು ಬರೆದಿದ್ದರೂ ಸರಿಯೆ, ಅದನ್ನು ತೆರೆಸಿ, ಒಳಗಿನದನ್ನು ಮುಟ್ಟಿ, ಅಗತ್ಯವಿದ್ದರೆ ಮೂಸಿ, ಆಮೇಲೆ ಸಹಿ ಹಾಕುವುದು ನನ್ನ ಕೆಲಸವಾಗಿತ್ತು. ತೆರೆದು ನೋಡದೆ ಸಹಿ ಹಾಕಬಾರದು. ನನಗೆ ತಿಳಿದ ಶಾಸ್ತ್ರವೆಲ್ಲ ಇಷ್ಟೇ. ಸಾಬೂನು ಎಂದು ಬರೆದ ಪೆಟ್ಟಿಗೆಯಲ್ಲಿ ನಿಜವಾಗಿ ಸಾಬೂನೇ ಇದ್ದ ದಿನ ಒಳಗೊಳಗೇ ಸ್ವಲ್ಪ ನಿರಾಶೆಯೂ ಆಗುತ್ತಿತ್ತೆಂದು ಈಗ ಒಪ್ಪಿಕೊಳ್ಳಬಹುದು.

ಈ ಕುರ್ಚಿ ಮೂಲತಃ ನನ್ನದಲ್ಲ. ತಿರುವನಂತಪುರದಲ್ಲಿದ್ದ ನನ್ನ ಭಾವನದು. ಅಕ್ಕನನ್ನು ಮದುವೆಯಾದ ಈ ಭಾವ ಮೈಸೂರಿನವರು. ಕಡಲ ತೀರದಿಂದ ರಾಕೆಟ್ ಹಾರಿಸುವ ಕಚೇರಿಯಲ್ಲಿ ಎಂಜಿನಿಯರ್. ಅವರಿಂದ ನನಗಾದ ಅವಮಾನಗಳು ಮೂರು. ಒಂದನೆಯದು ಮದುವೆಯ ಚಪ್ಪರದಲ್ಲೇ ನಡೆಯಿತು: ತಮ್ಮ ಸ್ನೇಹಿತರಿಗೆ ನನ್ನನ್ನು “ಹುಡುಗಿ ತಮ್ಮ, ಹಡಗಿನ ಪೆಟ್ಟಿಗೆ ಬಿಚ್ತಾರೆ” ಎಂದು ಪರಿಚಯಿಸಿದರು. ಎರಡನೆಯದು ಭಾಷೆಯ ವಿಚಾರ. ನಾವು ಕಾಸರಗೋಡಿನವರು. ನಮ್ಮ ಊರು ಯಾವ ರಾಜ್ಯಕ್ಕೆ ಸೇರಿತೆಂಬುದು ನಮ್ಮ ಕೈಯಲ್ಲಿರಲಿಲ್ಲ. ಆಡುವ ಕನ್ನಡ ಮಾತ್ರ ನಮ್ಮ ಕೈಯಲ್ಲಿತ್ತು, ಅದನ್ನು ಜತನದಿಂದ ಆಡುತ್ತಿದ್ದೆವು. ಅದಕ್ಕೆ ಭಾವ, “ಇವರು ಕನ್ನಡಾನ ಇಸ್ತ್ರಿ ಮಾಡಿ ಮಾತಾಡ್ತಾರೆ ಕಣ್ರೀ” ಎಂದು ನಾಲ್ಕು ಜನರ ಎದುರು ಹೇಳಿದರು. ಮೂರನೆಯದು ಈ ಕುರ್ಚಿ. ಅವರ ಜಗಲಿಯಲ್ಲಿ ಇದ್ದ ಆಸನಗಳು ಎರಡು: ಈ ಬೆತ್ತದ ಕುರ್ಚಿ, ಮತ್ತು ಒಂದು ಕಾಲು ಗಿಡ್ಡವಾಗಿದ್ದ ಸ್ಟೂಲು. ಕೊಚ್ಚಿಯಿಂದ ಸಣ್ಣ ಹಳಿಯ ರೈಲಿನಲ್ಲಿ ಮೈಯೆಲ್ಲ ಮಸಿ ಮಾಡಿಕೊಂಡು ನಾನು ಎಷ್ಟು ಸಲ ಹೋಗಿದ್ದೇನೋ ಅಷ್ಟು ಸಲವೂ ಸ್ಟೂಲಿನ ಮೇಲೆಯೇ ಕೂತಿದ್ದೇನೆ.

ಎಪ್ಪತ್ತರ ದಶಕ ಆಗಷ್ಟೇ ಮೊದಲಾಗಿತ್ತು. ಮಂಗಳೂರಿನ ಒಂದು ವಾರಪತ್ರಿಕೆಗೆ ನಾನು ಕೇರಳದ ಸುದ್ದಿ ಬರೆದು ಕಳಿಸುತ್ತಿದ್ದೆ. ಒಂದು ದಿನ ಸಂಪಾದಕರ ಕಾರ್ಡು ಬಂತು. ತಿರುವನಂತಪುರದಲ್ಲಿ ವೃತ್ತಿಪರ ಗಾಲ್ಫ್ ಆಟಗಾರರ ಪಂದ್ಯವಿದೆ, ಬೆಂಗಳೂರಿನ ಮುನಿರಾಜು ಎಂಬವನೂ ಆಡುತ್ತಾನೆ, ಪಂದ್ಯಕ್ಕೆ ಮುಂಚಿತವಾಗಿ ಯಾರು ಗೆಲ್ಲಬಹುದೆಂದು ಒಂದು ಲೇಖನ ಬೇಕು ಎಂದಿತ್ತು. ಗಾಲ್ಫನ್ನು ನಾನು ಅದುವರೆಗೆ ಕಂಡವನಲ್ಲ. ಆದರೂ ಒಂದು ವಾರದ ರಜೆ ಹಾಕಿ ಹೊರಟೆ. ಗೊತ್ತಿಲ್ಲದ ಪೆಟ್ಟಿಗೆಯನ್ನು ತೆರೆಯುವುದೇ ನನ್ನ ಕೆಲಸವಲ್ಲವೇ.

“ಎಕ್ಸಾಮಿನರ್ ಸಾಹೇಬ್ರು ಗಾಲ್ಫ್ ಬಗ್ಗೆ ಬರೀತಾರಂತೆ” ಎಂದು ಭಾವ ಕುರ್ಚಿಯಿಂದಲೇ ಅಕ್ಕನಿಗೆ ಕೂಗಿ ಹೇಳಿದರು. “ಜಾಸ್ತಿ ಹೊಡೆತ ಹೊಡೆದೋನು ಗೆಲ್ತಾನೆ ಅಂದ್ಕೊಂಡಿದ್ದಾರೋ ಏನೋ, ಕೇಳು.”

“ಕಡಿಮೆ ಹೊಡೆತದವನು ಗೆಲ್ಲುವುದು” ಎಂದೆ. ಇಷ್ಟನ್ನು ರೈಲಿನಲ್ಲೇ ಒಬ್ಬರನ್ನು ಕೇಳಿ ತಿಳಿದುಕೊಂಡಿದ್ದೆ.

“ನಿನಗೆ ಇದೆಲ್ಲ ಯಾಕೆ ಮಾರಾಯ” ಎಂದು ಅಕ್ಕ ಒಳಗಿನಿಂದ ಹೇಳಿದಳು. “ಮೊದಲು ಮಿಂದು ಬಾ. ಬೆನ್ನೆಲ್ಲ ಕರಿ.”

ಆಟಗಾರರು ಅಭ್ಯಾಸ ಮಾಡುವ ದಿನ ನಾವಿಬ್ಬರೂ ಮೈದಾನಕ್ಕೆ ಹೋದೆವು. ಭಾವ ಕೋಟಿನ ಜೇಬಿನಲ್ಲಿ ಲೆಕ್ಕ ಹಾಕುವ ಪಟ್ಟಿ, ಸ್ಲೈಡ್ ರೂಲ್, ಇಟ್ಟುಕೊಂಡು ಬಂದಿದ್ದರು. ಮುನಿರಾಜು ಸಣ್ಣ ಆಳು. ಆದರೆ ಅವನು ಕೋಲು ಬೀಸಿದರೆ ಚೆಂಡು ತೆಂಗಿನ ತಲೆಗಳನ್ನೂ ದಾಟಿ ಎಲ್ಲಿಯೋ ಹೋಗಿ ಬೀಳುತ್ತಿತ್ತು. ಭಾವ ಹೆಜ್ಜೆಯಿಂದ ದೂರ ಅಳೆದರು, ಸ್ಲೈಡ್ ರೂಲ್ ಎಳೆದರು, ಕಾಗದದಲ್ಲಿ ಒಂದು ಗೆರೆ ಬಾಗಿಸಿದರು. “ಈ ಏರು ಕೋನ ನೋಡಿ. ಇವನ ಹತ್ರಕ್ಕೆ ಯಾರೂ ಬರೋಕಾಗಲ್ಲ. ನಮ್ಮ ಹುಡುಗ ಬೇರೆ.” ರಾಕೆಟ್ಟಿನವರಿಗೆ ಮೇಲೇರುವುದೆಲ್ಲ ಪ್ರಿಯ, ಕೆಳಗಿಳಿದ ಮೇಲೆ ಏನಾಗುತ್ತದೆಂಬುದು ಬೇರೆ ವಿಭಾಗದ ಕೆಲಸ.

ನಾನು ನೋಡಿದ್ದು ಚೆಂಡು ಇಳಿಯುವ ಜಾಗವನ್ನು. ಗಾಲ್ಫಿನಲ್ಲಿ ಚೆಂಡು ಕೊನೆಗೆ ಬೀಳಬೇಕಾದ ಕುಳಿಯ ಸುತ್ತ ನಯವಾದ ಹುಲ್ಲು ಹಾಸಿರುತ್ತಾರೆಂದು ಕೇಳಿದ್ದೆ. ಇಲ್ಲಿ ಹುಲ್ಲಿರಲಿಲ್ಲ. ಆ ಕಾಲದಲ್ಲಿ ಅನೇಕ ಊರುಗಳಲ್ಲಿ ಇದ್ದಂತೆ ಹಳೆಯ ಎಂಜಿನ್ ಎಣ್ಣೆ ಬೆರೆಸಿದ ಮರಳನ್ನು ದುಂಡಗೆ ಹಾಸಿ ತಟ್ಟಿದ್ದರು. ಹತ್ತಿರ ಹೋದರೆ ನಮ್ಮ ಬಂದರಿನ ದೋಣಿಗಳ ತಳದ ವಾಸನೆ. ಆಟಗಾರರು ಚೆಂಡಿಗೂ ಕುಳಿಗೂ ನಡುವಿನ ದಾರಿಯನ್ನು ಉದ್ದ ಹಿಡಿಕೆಯ ಹಲಗೆಯಿಂದ ಎಳೆಸಿ ಸಮ ಮಾಡಿಸಿ, ಆಮೇಲೆ ಚೆಂಡನ್ನು ಮೆಲ್ಲಗೆ ತಳ್ಳುತ್ತಿದ್ದರು.

ಎಲ್ಲರೂ ತಳ್ಳಿ ಮುಂದೆ ಹೋದರು. ಒಬ್ಬನು ಮಾತ್ರ ಅಲ್ಲೇ ನಿಂತ. ಅವನು ಹರಿಲಾಲ್, ಮಧ್ಯ ಭಾರತದ ಯಾವುದೋ ದಂಡು ಪ್ರದೇಶದಿಂದ ಬಂದವನು. ಅವನ ಹೆಸರನ್ನು ಅಲ್ಲಿ ಯಾರೂ ಕೇಳಿದಂತಿರಲಿಲ್ಲ. ಅವನು ಬೂಟು ಕಳಚಿದ. ಕಾಲುಚೀಲ ತೆಗೆದು ಬೂಟಿನೊಳಗೆ ತುರುಕಿದ. ಬರಿಗಾಲಿನಲ್ಲಿ ಮರಳಿನ ಅಂಚಿನಲ್ಲಿ ಒಂದು ಸುತ್ತು ನಡೆದ. ಕುಕ್ಕರುಗಾಲಿನಲ್ಲಿ ಕೂತು ಒಂದು ಚಿಟಿಕೆ ಮರಳನ್ನು ಬೆರಳುಗಳ ನಡುವೆ ಉಜ್ಜಿ, ಮೂಗಿನ ಹತ್ತಿರ ಹಿಡಿದ. ಆಮೇಲೆ ಹಲಗೆಯನ್ನು ಆಳಿನ ಕೈಯಿಂದ ತೆಗೆದುಕೊಂಡು ತಾನೇ ಎಳೆದ.

ಮಿತ್ರರೇ, ನನ್ನ ಮೈ ಜುಮ್ಮೆಂದಿತು. ಬಂದರಿನ ಹೊರಗೆ ಹಾಗೆ ಸರಕು ಪರೀಕ್ಷೆ ಮಾಡಿದ ಮನುಷ್ಯನನ್ನು ನಾನು ಕಂಡದ್ದು ಅದೇ ಮೊದಲು. ನನ್ನ ಹರಕು ಹಿಂದಿಯಲ್ಲಿ “ಏನು ನೋಡಿದಿರಿ?” ಎಂದು ಕೇಳಿದೆ.

ಅವನು ಬೆರಳು ಒರೆಸಿಕೊಳ್ಳುತ್ತ, “ಎಣ್ಣೆ ಹೊಸದಾಗಿ ಹಾಕಿದ್ದು ಸಾಹೇಬ್. ಚೆಂಡು ಹಿಡಿದುಕೊಳ್ಳುತ್ತದೆ. ಹುಲ್ಲಿನ ಮೇಲೆ ಆಡುವವರು ತಳ್ಳಿದರೆ ಅರ್ಧ ದಾರಿಯಲ್ಲಿ ಮಲಗುತ್ತದೆ” ಎಂದ. ಹಲಗೆಯನ್ನು ಆಳಿಗೆ ಮರಳಿ ಕೊಟ್ಟು, “ನಮ್ಮಲ್ಲಿ ಎಲ್ಲ ಇಂಥದ್ದೇ” ಎಂದು ನಕ್ಕ.

ಆ ಸಂಜೆ ಜಗಲಿಯಲ್ಲಿ ವಾದ ಶುರುವಾಯಿತು. ಭಾವ ಕುರ್ಚಿಯಲ್ಲಿ, ನಾನು ಸ್ಟೂಲಿನಲ್ಲಿ, ನಡುವೆ ನೇಂದ್ರ ಬಾಳೆಕಾಯಿಯ ಚಿಪ್ಸು.

“ಹರಿಲಾಲ್? ಅವನ ಹೊಡೆತ ಮುನಿರಾಜುವಿನ ಮುಕ್ಕಾಲು ದೂರವೂ ಹೋಗಲ್ಲ ಕಣ್ರೀ.”

“ದೂರ ಹೋದ ಚೆಂಡು ಕುಳಿಗೆ ಬೀಳಬೇಕಲ್ಲ ಭಾವ.”

“ಮರಳು ಮೂಸಿದೋನು ಗೆಲ್ಲೋದಾದ್ರೆ ಕಡಲ ತೀರದಲ್ಲಿರೋ ಏಡಿಗಳೆಲ್ಲ ಚಾಂಪಿಯನ್ ಆಗ್ಬೇಕಿತ್ತು.” ಭಾವನಿಗೆ ತಮ್ಮ ಹಾಸ್ಯ ಬಹಳ ಇಷ್ಟವಾಯಿತು. ಅಕ್ಕನೂ ಒಳಗೆ ನಕ್ಕದ್ದು ಕೇಳಿಸಿತು. ಅದನ್ನೂ ನಾನು ಮರೆತಿಲ್ಲ. “ಅದಿರಲಿ, ಕನ್ನಡ ಪತ್ರಿಕೇಲಿ ಕನ್ನಡದ ಹುಡುಗ ಸೋಲ್ತಾನೆ ಅಂತ ಬರೀತೀರಾ? ಕಾಸರಗೋಡಿನವರಿಗೆ ಅಷ್ಟೂ ಅಭಿಮಾನ ಬೇಡವೇ?”

ಇಲ್ಲಿ ನನಗೆ ನಿಜವಾಗಿ ಸಿಟ್ಟು ಬಂತು. ನಮ್ಮ ಕನ್ನಡವನ್ನು ಪ್ರತಿ ಸಲವೂ ಪ್ರಮಾಣ ಮಾಡಿ ತೋರಿಸಬೇಕೇ? “ಅಭಿಮಾನ ಇದೆ. ಆದರೆ ನೋಡಿದ್ದಕ್ಕೆ ಮಾತ್ರ ನಾನು ಸಹಿ ಹಾಕುವುದು” ಎಂದೆ. “ಹರಿಲಾಲ್ ಗೆದ್ದರೆ ಆ ಕುರ್ಚಿ ನನಗೆ. ಮುನಿರಾಜು ಗೆದ್ದರೆ ಬದುಕಿಡೀ ಸ್ಟೂಲಿನಲ್ಲಿ ಕೂರುತ್ತೇನೆ, ಒಂದು ಮಾತೂ ಆಡುವುದಿಲ್ಲ.”

“ಒಂದು ಮಾತೂ ಆಡದೆ?” ಎಂದು ಭಾವ ಅಕ್ಕನ ಕಡೆ ನೋಡಿದರು. “ಹಾಗಾದ್ರೆ ಒಪ್ಪಿದೆ. ಅದಕ್ಕೆ ಎರಡು ಕುರ್ಚಿ ಬೇಕಾದ್ರೂ ಕೊಡ್ತೀನಿ.”

ಮರುದಿನವೆಲ್ಲ ಕೂತು ಲೇಖನ ಬರೆದೆ. ಬರಿಗಾಲು, ಚಿಟಿಕೆ ಮರಳು, ಹೊಸ ಎಣ್ಣೆ, ಯಾವುದನ್ನೂ ಬಿಡಲಿಲ್ಲ. ಸೋಮವಾರ ಬೆಳಿಗ್ಗೆ ಅಂಚೆಗೆ ಹಾಕುವ ಮೊದಲು ಭಾವನಿಗೆ ಪೂರ್ತಿ ಓದಿ ಹೇಳಿದೆ. ಅವರು ಕಾಫಿ ಕುಡಿಯುತ್ತ ಕೇಳಿ, “ಇಸ್ತ್ರಿ ಚೆನ್ನಾಗಿದೆ” ಎಂದಷ್ಟೇ ಹೇಳಿದರು.

ಪಂದ್ಯ ಗುರುವಾರದಿಂದ ನಾಲ್ಕು ದಿನ ನಡೆಯಿತು. ಮೊದಲ ಎರಡು ದಿನ ಮುನಿರಾಜು ಮುಂದಿದ್ದ. ಭಾವ ಕುರ್ಚಿಯಲ್ಲಿ ದಿನದಿಂದ ದಿನಕ್ಕೆ ಆಳಕ್ಕೆ ಇಳಿದರು. ಆದರೆ ದೂರದ ಹೊಡೆತದಲ್ಲಿ ಗಳಿಸಿದ್ದನ್ನು ಅವನು ಎಣ್ಣೆ ಮರಳಿನ ಮೇಲೆ ಒಂದೊಂದಾಗಿ ಕಳೆಯುತ್ತಿದ್ದ. ಎರಡು ಸಲ ತಳ್ಳಿದರೆ ಮುಗಿಯಬೇಕಾದದ್ದಕ್ಕೆ ಮೂರು ಸಲ ಬೇಕಾಗುತ್ತಿತ್ತು. ಭಾನುವಾರ ಕೊನೆಯ ಕುಳಿಗೆ ಬರುವ ಹೊತ್ತಿಗೆ ಹರಿಲಾಲ್ ಒಂದು ಹೊಡೆತದಷ್ಟು ಮುಂದಿದ್ದ. ಅವನು ತನ್ನ ದಾರಿಯನ್ನು ತಾನೇ ಎಳೆದು, ಹಲಗೆಯನ್ನು ಬದಿಗಿಟ್ಟು, ಬಾಗಿಲು ತಟ್ಟುವಂತೆ ಗಟ್ಟಿಯಾಗಿ ತಳ್ಳಿದ. ಚೆಂಡು ಒಳಗೆ ಬಿತ್ತು. ಮುನಿರಾಜುವಿನ ಚೆಂಡು ಕುಳಿಯಿಂದ ಒಂದು ಗೇಣು ಹಿಂದೆ ನಿಂತಿತು. ಅದು ಇನ್ನೊಂದು ಉರುಳು ಉರುಳಲಿ ಎಂದು ನನ್ನ ಮನಸ್ಸೂ ಆ ಗಳಿಗೆಯಲ್ಲಿ ಹಾರೈಸಿತು. ಇದನ್ನು ಭಾವನಿಗೆ ನಾನು ಈವರೆಗೆ ಹೇಳಿಲ್ಲ.

ಆ ಸಂಜೆ ಭಾವನ ಮನೆಯಲ್ಲಿ ಕನ್ನಡದವರ ಕೂಟ. ತಿರುವನಂತಪುರದಲ್ಲಿದ್ದ ಏಳೆಂಟು ಕನ್ನಡ ಮನೆಗಳವರು ತಿಂಗಳಿಗೊಮ್ಮೆ ಒಂದೊಂದು ಮನೆಯಲ್ಲಿ ಸೇರಿ ಉಪ್ಪಿಟ್ಟು ತಿಂದು ಊರಿನ ಸುದ್ದಿ ಮಾತಾಡುವುದು ರೂಢಿ. ನಾನು ಕುರ್ಚಿಯ ಕಡೆಗೆ ಗಂಭೀರವಾಗಿ ನಡೆಯುತ್ತಿದ್ದೆ. ಅಷ್ಟರಲ್ಲಿ ಲೆಕ್ಕಪತ್ರ ಇಲಾಖೆಯ ಸುಬ್ಬರಾಯರು ಕಂಕುಳಿನಿಂದ ನಮ್ಮ ವಾರಪತ್ರಿಕೆಯನ್ನು ತೆಗೆದರು. ಹಿಂದಿನ ದಿನದ ಅಂಚೆಯಲ್ಲಿ ಬಂದಿತ್ತಂತೆ.

“ಕೊಚ್ಚಿಯವರ ಭವಿಷ್ಯ ಕೇಳಿ” ಎಂದು ಗಟ್ಟಿಯಾಗಿ ಓದಿದರು. “‘ಈ ಪಂದ್ಯವನ್ನು ನಮ್ಮ ಬೆಂಗಳೂರಿನ ಮುನಿರಾಜು ಗೆಲ್ಲುವುದು ನಿಶ್ಚಯ.’”

ಪತ್ರಿಕೆಯನ್ನು ಕಿತ್ತುಕೊಂಡು ನೋಡಿದೆ. ನನ್ನ ಲೇಖನವೇ. ನನ್ನ ವಾಕ್ಯಗಳೇ. ಹರಿಲಾಲ್ ಎಂದಿದ್ದಲ್ಲೆಲ್ಲ ಮುನಿರಾಜು ಎಂದಾಗಿತ್ತು. ಹುಟ್ಟಿನಿಂದ ಬೆಂಗಳೂರಿನ ಹುಲ್ಲಿನ ಮೇಲೆ ಆಡಿದ ಆ ಹುಡುಗ, ನನ್ನ ಹೆಸರಿನ ಕೆಳಗೆ, ಬೂಟು ಕಳಚಿ ಮರಳು ಮೂಸುತ್ತಿದ್ದ. ಆಮೇಲೆ ಕೇಳಿದ್ದಕ್ಕೆ ಸಂಪಾದಕರು, “ಓದುಗರ ಭಾವನೆಯನ್ನು ಗಮನಿಸಿ ಸಣ್ಣ ತಿದ್ದುಪಡಿ ಮಾಡಲಾಗಿದೆ” ಎಂದು ಬರೆದರು. ಆ ಕಾರ್ಡು ನನ್ನ ಕಡತದಲ್ಲಿದೆ. ಅವರಿಗೆ ಮುಂದೆ ನಾನು ಬರೆದ ಏಳು ಪತ್ರಗಳ ನಕಲುಗಳೂ ಇವೆ.

“ನಾನು ಬರೆದದ್ದು ಹೀಗಲ್ಲ. ನಾನು ಹರಿಲಾಲ್ ಎಂದು ಬರೆದದ್ದು” ಎಂದೆ.

“ಪಂದ್ಯ ಮುಗಿದ ಮೇಲೆ ಎಲ್ಲರೂ ಹರಿಲಾಲ್ ಅಂತಾರೆ ಸ್ವಾಮಿ” ಎಂದರು ಸುಬ್ಬರಾಯರು. ಜಗಲಿಯೆಲ್ಲ ನಕ್ಕಿತು.

ಭಾವ ಸುಮ್ಮನಿದ್ದರೆ ಸಾಕಿತ್ತು. ನಾವಿಬ್ಬರೂ ಒಬ್ಬನನ್ನೇ ಹೇಳಿದ್ದೇವೆಂದು ಅಚ್ಚಾದ ಸಾಕ್ಷಿಯೇ ಅಲ್ಲಿತ್ತು. ಪಣ ರದ್ದಾಗುತ್ತಿತ್ತು, ಕುರ್ಚಿ ಉಳಿಯುತ್ತಿತ್ತು, ಜೀವಮಾನಕ್ಕೆ ಸಾಕಾಗುವಷ್ಟು ಹಾಸ್ಯವೂ ಸಿಗುತ್ತಿತ್ತು. ಅವರು ಕುರ್ಚಿಯಿಂದ ಎದ್ದರು.

“ರಾಯರೇ, ಸೋಮವಾರ ಬೆಳಿಗ್ಗೆ ಇದೇ ಜಗಲೀಲಿ ನನಗೆ ಓದಿ ಹೇಳಿದ್ರು. ಪ್ರತಿಯೊಂದು ಕಡೆಯೂ ಹರಿಲಾಲ್ ಅಂತಲೇ ಇತ್ತು. ನಾನು ನಕ್ಕಿದ್ದೆ. ಇವತ್ತು ಸೋತಿರೋನು ನಾನು, ಇವರಲ್ಲ.” ಹಾಗೆ ಹೇಳಿ ಕುರ್ಚಿಯನ್ನು ತಾವೇ ಎತ್ತಿ ತಂದು ನನ್ನ ಮುಂದಿಟ್ಟರು. ತಾವು ಹೋಗಿ ಸ್ಟೂಲಿನ ಮೇಲೆ ಕೂತರು. ಸ್ಟೂಲು ಓಲಾಡಿತು. “ಇದು ಹೀಗೆ ಅಲ್ಲಾಡುತ್ತೆ ಅಂತ ನನಗೆ ಯಾಕೆ ಯಾರೂ ಹೇಳಲಿಲ್ಲ?” ಎಂದು ಅಕ್ಕನನ್ನು ಕೇಳಿದರು.

“ಅವ ಆರು ವರ್ಷದಿಂದ ಹೇಳ್ತಾ ಇದ್ದಾನೆ” ಎಂದಳು ಅಕ್ಕ.

ಮುಂದಿನ ವಾರ ಕುರ್ಚಿ ರೈಲಿನ ಪಾರ್ಸೆಲಿನಲ್ಲಿ ಕೊಚ್ಚಿಗೆ ಬಂತು. ಸುತ್ತಿದ ಗೋಣಿಯ ಮೇಲೆ ಭಾವನ ಅಕ್ಷರದಲ್ಲಿ ಒಂದು ಚೀಟಿ: “ತೆರೆದು ನೋಡಿ ಸಹಿ ಹಾಕುವುದು.” ನಾನು ತೆರೆದು ನೋಡಿಯೇ ಸಹಿ ಹಾಕಿದೆ.

ವರ್ಗೀಸ್ ಇವತ್ತು ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಸಿದ. ಅವನು ಹೆಣೆಯುತ್ತಿದ್ದಾಗ ನನಗೊಂದು ವಿಚಾರ ಹೊಳೆಯಿತು. ಭಾವನ ಮೂರು ಅವಮಾನಗಳನ್ನು ತಾರೀಖು ಸಹಿತ ಬರೆದಿಟ್ಟ ನಾನು, ಅವರು ಆ ದಿನ ಎದ್ದು ನಿಂತು ಆಡಿದ ಮಾತನ್ನು ಎಲ್ಲಿಯೂ ಬರೆದಿರಲಿಲ್ಲ. ಎದುರಿಗೆ ಒಂದು ಒಳ್ಳೆಯ ಮಾತನ್ನೂ ಹೇಳಿರಲಿಲ್ಲ. ಗೆದ್ದದ್ದು ನನ್ನ ಜಾಣ್ಮೆ ಎಂದೇ ಈವರೆಗೆ ಕುರ್ಚಿಯಲ್ಲಿ ಬೆನ್ನು ಚಾಚಿಕೊಂಡಿದ್ದೆ.

ಸಂಜೆ ಅಕ್ಕನ ಮಗಳು ಭಾವನನ್ನು ಕರೆತಂದಳು. ನಾಳೆ ಇಲ್ಲಿ ಕಣ್ಣಿನ ತಪಾಸಣೆ. ಅಕ್ಕ ಈಗಿಲ್ಲ. ಭಾವ ಕೋಲೂರಿಕೊಂಡು ಒಳಗೆ ಬಂದು, ಹೊಸ ಬೆತ್ತವನ್ನು ಬೆರಳಿನಿಂದ ಒತ್ತಿ ನೋಡಿ, ಪಣಕ್ಕೆ ಕಟ್ಟುಬಿದ್ದವರಂತೆ ಪಕ್ಕದಲ್ಲಿದ್ದ ನಮ್ಮ ಮನೆಯ ಸ್ಟೂಲಿನ ಕಡೆಗೆ ತಿರುಗಿದರು. ಟಿ.ವಿ.ಯಲ್ಲಿ ಯಾವುದೋ ದೇಶದ ಗಾಲ್ಫ್. ಕಣ್ಣು ಕುಕ್ಕುವಷ್ಟು ಹಸಿರು.

“ಭಾವ, ಕುರ್ಚಿಯಲ್ಲಿ ಕೂತುಕೊಳ್ಳಿ.”

“ಅದು ನಿಮ್ಮದು, ಸಾಹೇಬ್ರೇ.”

“ಹಾಗಾದರೆ ಇನ್ನೊಂದು ಸಲ ನೋಡುವ. ಇವರಲ್ಲಿ ಯಾರು ಗೆಲ್ಲುತ್ತಾರೆ ಹೇಳಿ. ನೀವು ಹೇಳಿದವನು ಗೆದ್ದರೆ ಕುರ್ಚಿ ನಿಮಗೆ.”

ಅವರು ಕಣ್ಣು ಕಿರಿದು ಮಾಡಿ ಪರದೆಯನ್ನು ನೋಡಿದರು. ಕಣ್ಣಿನಲ್ಲಿ ಪೊರೆ, ಅವರಿಗೆ ಹಸಿರಿನ ಹೊರತು ಬೇರೇನೂ ಕಂಡಿರಲಾರದು. “ಆ ಕೆಂಪಂಗಿಯವನು” ಎಂದರು.

ಪರದೆಯ ಮೇಲೆ ಕೆಂಪಂಗಿಯವರು ಯಾರೂ ಇರಲಿಲ್ಲ. “ನನಗೂ ಹಾಗೆಯೇ ಕಾಣುತ್ತದೆ” ಎಂದೆ. ಅವರ ಕೈಹಿಡಿದು ಕುರ್ಚಿಯಲ್ಲಿ ಕೂರಿಸಿ, ಸ್ಟೂಲನ್ನು ಎಳೆದುಕೊಂಡು ಪಕ್ಕದಲ್ಲಿ ಕೂತೆ. ನನ್ನ ಬದುಕಿನಲ್ಲಿ ಕಣ್ಣಿಗೆ ಕಾಣದ್ದಕ್ಕೆ ಸಹಿ ಹಾಕಿದ್ದು ಇದೊಂದೇ ಸಲ.