ಎರಡೂ ಬಾಗಿಲು ‘ಬನ್ನಿ’ ಎಂದ ಪಂಪು

ಬಾನೆಟ್ಟು ತೆರೆದು ನಿಂತ ಕಾರಿನ ಸುತ್ತ ಜನ ಸೇರುವಷ್ಟು ಬೇಗ ಹರಿಕಥೆಗೂ ಸೇರುವುದಿಲ್ಲವೆಂಬುದನ್ನು ನೀವೂ ಗಮನಿಸಿರಬಹುದು. ಓಡುವ ಕಾರನ್ನು ಕಂಡರೆ ಧೂಳಿಗೆ ಹೆದರಿ ಮೂಗು ಮುಚ್ಚಿಕೊಂಡು ಪಕ್ಕಕ್ಕೆ ಸರಿಯುವ ಸಜ್ಜನರೇ, ಅದು ಕೆಟ್ಟು ನಿಂತಿತೆಂದರೆ ಪಂಚೆ ಎತ್ತಿಕಟ್ಟಿ ಹತ್ತಿರ ಬರುತ್ತಾರೆ, ಒಳಗೆ ಇಣುಕುತ್ತಾರೆ, ಧನ್ವಂತರಿಯ ಗಾಂಭೀರ್ಯದಿಂದ ತಲೆಯಾಡಿಸುತ್ತಾರೆ, ಕೊನೆಗೆ ನಮ್ಮ ಶಿಡ್ಲಘಟ್ಟದ ತೆಲುಗು ಬೆರೆತ ಕನ್ನಡದಲ್ಲಿ “ಪೆಟ್ರೋಲು ಉಂದಾ ಸಾಮಿ?” ಎಂದು ಕೇಳುತ್ತಾರೆ. ಐವತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಈ ಪ್ರಶ್ನೆಗೆ ನಾನು ಒಂದೇ ದಿನ ಹತ್ತಾರು ಬಾರಿ ಉತ್ತರ ಕೊಡಬೇಕಾಯಿತು. ಪೆಟ್ರೋಲು ಟ್ಯಾಂಕಿನಲ್ಲಿ ಧಾರಾಳವಾಗಿತ್ತು. ಎಂಜಿನ್ನಿಗೆ ಹೋಗುತ್ತಿರಲಿಲ್ಲ, ಅಷ್ಟೇ.

ನಾನು ಹೈಸ್ಕೂಲಿನ ಕನ್ನಡ ಪಂಡಿತ. ಪಂಡಿತನಿಗೆ ಕಾರೆಲ್ಲಿಂದ ಬಂತೆಂಬ ನ್ಯಾಯವಾದ ಸಂಶಯ ನಿಮಗೆ ಬಂದಿದ್ದರೆ ಅದಕ್ಕೆ ಸಮಾಧಾನ ಹೇಳಿಬಿಡುತ್ತೇನೆ. ಚಿಂತಾಮಣಿಯಲ್ಲಿ ಡಾಕ್ಟರಾಗಿದ್ದ ನನ್ನ ಸೋದರಮಾವ ಹೊಸ ಕಾರು ಕೊಂಡಾಗ, ಯುದ್ಧಕ್ಕಿಂತ ಮುಂಚಿನ ತಮ್ಮ ಇಂಗ್ಲಿಷ್ ಕಾರನ್ನು, ಮುದಿ ಹಸುವನ್ನು ನೆಂಟರ ಮನೆಗೆ ಅಟ್ಟುವ ಹಾಗೆ, ನಮ್ಮ ಮನೆಗೆ ಅಟ್ಟಿದರು. ನಾನು ಅದನ್ನು ಓಡಿಸಿದ್ದಕ್ಕಿಂತ ತೊಳೆದದ್ದೇ ಹೆಚ್ಚು.

ಆ ವರ್ಷ ನನ್ನ ಹೆಂಡತಿ ರುಕ್ಮಿಣಿ ಮೂವತ್ತೆರಡನೆಯ ವಯಸ್ಸಿನಲ್ಲಿ ಖಾಸಗಿಯಾಗಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕಟ್ಟಿದ್ದಳು. ಹದಿನಾರರಲ್ಲಿ ಶಾಲೆ ಬಿಡಿಸಿ ಅವಳಿಗೆ ಮದುವೆ ಮಾಡಿದ್ದರು. ಮದುವೆಯಾದ ಮಹಾನುಭಾವ ನಾನೇ ಆದ್ದರಿಂದ ಆ ಪಾಪದಲ್ಲಿ ನನಗೂ ಪಾಲಿತ್ತು. ಬೇಳೆಯ ಡಬ್ಬಿಗೆ ಪುಸ್ತಕ ಒರಗಿಸಿಕೊಂಡು ಎರಡು ವರ್ಷ ಓದಿದಳು. ಕನ್ನಡ, ಸಮಾಜ ಅವಳಿಗೆ ಲೀಲಾಜಾಲ. ವಿಜ್ಞಾನ ಮಾತ್ರ ಕಬ್ಬಿಣದ ಕಡಲೆ. ಅರ್ಥವಾಗಲಿ ಬಿಡಲಿ, ಪುಸ್ತಕವನ್ನು ಆದ್ಯಂತ ಬಾಯಿಪಾಠ ಮಾಡಿ ಸ್ತೋತ್ರದಂತೆ ಒಪ್ಪಿಸುತ್ತಿದ್ದಳು. ಪರೀಕ್ಷೆ ನಡೆಯುವುದು ಚಿಕ್ಕಬಳ್ಳಾಪುರದಲ್ಲಿ, ಬೆಳಗಿನ ಬಸ್ಸಿನ ತುಂಬ ನನ್ನದೇ ಶಾಲೆಯ ಮಕ್ಕಳು.

“ಮೇಷ್ಟ್ರ ಹೆಂಡ್ತೀನೂ ಪರೀಕ್ಷೆಗೆ ಹೊಂಟವ್ರೆ ಅಂತ ಕಿಸಿಕಿಸಿ ನಗ್ತಾರೆ ಕಣ್ರೀ. ಕಾರಲ್ಲಾದ್ರೆ ಬರ್ತೀನಿ, ಬಸ್ಸಲ್ಲಾದ್ರೆ ಸತ್ರೂ ಇಲ್ಲ,” ಎಂದು ಮೊದಲೇ ಕರಾರು ಹಾಕಿದ್ದಳು.

ಮೊದಲೆರಡು ಪರೀಕ್ಷೆಗಳು ಕಾರಿನ ಕೃಪೆಯಿಂದ ಸಾಂಗವಾಗಿ ಮುಗಿದವು. ಶನಿವಾರ ಹಿಂದಿರುಗುವಾಗ, ಊರು ಇನ್ನೊಂದು ಮೈಲಿ ಇದೆ ಎನ್ನುವಾಗ, ಕಾರು ಎರಡು ಸಲ ಬಿಕ್ಕಿ ನಿಂತುಬಿಟ್ಟಿತು. ಪುಣ್ಯಕ್ಕೆ ನಮ್ಮ ಪಕ್ಕದ ಮನೆಯ ಮುನಿಶಾಮಪ್ಪ ಹಿಪ್ಪುನೇರಳೆ ಸೊಪ್ಪಿನ ಗಾಡಿ ಹೊಡೆದುಕೊಂಡು ಬರುತ್ತಿದ್ದ. ಆತ ಮನೆಯ ರೇಷ್ಮೆಹುಳುಗಳ ಹಸಿವನ್ನೂ ಮರೆತು, ಗಾಡಿಯನ್ನು ದಾರಿಬದಿಯ ತೋಟದಲ್ಲಿ ಬಿಟ್ಟು, ಸೊಪ್ಪಿನ ಹೊರೆಯನ್ನು ನಮ್ಮ ಹಿಂದಿನ ಸೀಟಿಗೆ ತುಂಬಿ, ಎತ್ತುಗಳಿಗೆ ಹಗ್ಗ ಬಿಗಿದು ಕಾರನ್ನು ಮನೆಯ ಬಾಗಿಲವರೆಗೂ ಎಳೆಸಿದ. ಆ ಉಪಕಾರವನ್ನು ನಾನು ಈ ಜನ್ಮದಲ್ಲಿ ಮರೆಯುವವನಲ್ಲ. ಸೊಪ್ಪಿನ ನಡುವೆ ಕುಳಿತಿದ್ದ ರುಕ್ಮಿಣಿಯ ಮುಖದಲ್ಲಿ ಮಾತ್ರ ಚಿಂತೆಯ ಬದಲು ಏನೋ ನಿರಾಳವಿತ್ತು.

“ಸೋಮವಾರ ವಿಜ್ಞಾನ. ಕಾರೇ ಇಲ್ಲ ಅಂದ್ಮೇಲೆ ಹೋಗೋದೇ ಬೇಡ ಬಿಡಿ. ಹ್ಯಾಗೂ ನಂಗೆ ಅದು ಬರಲ್ಲ,” ಎಂದಳು. ಒಂದು ಪರೀಕ್ಷೆ ತಪ್ಪಿದರೆ ಎರಡು ವರ್ಷದ ಓದು ಮಣ್ಣುಪಾಲು. ಮತ್ತೆ ಕಟ್ಟುವವಳಲ್ಲ ಅವಳು. ಅದು ನನಗೆ ಗೊತ್ತಿತ್ತು.

ರೋಗ ಯಾವುದೆಂಬುದೂ ಗೊತ್ತಿತ್ತು. ಚಿಂತಾಮಣಿಯ ಮಿಸ್ತ್ರಿ ಸಾಬರು ಮೂರು ತಿಂಗಳ ಹಿಂದೆಯೇ “ಪೆಟ್ರೋಲ್ ಪಂಪಿನ ಪೊರೆ ಹರೀತಾ ಐತೆ ಮೇಷ್ಟ್ರೇ” ಎಂದು ಎಚ್ಚರಿಸಿ, ಬೆಂಗಳೂರಿನಿಂದ ಹೊಸ ಸಾಮಾನಿನ ಡಬ್ಬಿಯನ್ನೂ ತರಿಸಿಕೊಟ್ಟಿದ್ದರು. ಅದನ್ನು ನಾನು ಪುಸ್ತಕದ ಬೀರುವಿನಲ್ಲಿ, ವ್ಯಾಕರಣ ಗ್ರಂಥಗಳ ಪಕ್ಕದಲ್ಲಿ, ಅವುಗಳಷ್ಟೇ ಭದ್ರವಾಗಿ ಇಟ್ಟು ಮರೆತಿದ್ದೆ. ಭಾನುವಾರ ಬೆಳಿಗ್ಗೆ ಹೇಳಿಕಳಿಸಿದರೆ, ಸಾಬರು ಮುರುಗಮಲ್ಲದ ದರ್ಗಾಕ್ಕೆ ಹೋಗಿದ್ದಾರೆ, ಬರುವುದು ನಾಳೆಯೇ ಎಂಬ ಉತ್ತರ ಬಂತು. ಸರಿ, ನಾನೇ ಕಚ್ಚೆ ಬಿಗಿದೆ.

ಈ ಪಂಪೆಂದರೆ ರಸ್ತೆಬದಿಯ ಬಂಕಿನದಲ್ಲ. ಎಂಜಿನ್ನಿನ ಪಕ್ಕೆಗೆ ಅಂಟಿಕೊಂಡು, ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಹೀರಿ ಮುಂದಕ್ಕೆ ದಬ್ಬುವ ಮುಷ್ಟಿಗಾತ್ರದ ಯಂತ್ರ. ಹೊಟ್ಟೆಯಲ್ಲಿ ಮೇಲೆ ಕೆಳಗೆ ಆಡುವ ಒಂದು ಪೊರೆ, ಅದರ ಮೇಲೆ ಎರಡು ಪುಟ್ಟ ಬಿಲ್ಲೆಗಳು, ನೆತ್ತಿಯ ಮೇಲೊಂದು ಗಾಜಿನ ಬಟ್ಟಲು. ಬಿಡಿಸುವುದೂ ಕೂಡಿಸುವುದೂ ವೈಯಾಕರಣನ ನಿತ್ಯಕರ್ಮವಲ್ಲವೆ ಎಂದು ಧೈರ್ಯ ತಂದುಕೊಂಡೆ. ಹರಿದ ಪೊರೆಯ ಸ್ಥಾನದಲ್ಲಿ ಹೊಸ ಪೊರೆ ಬಂದದ್ದು ಆದೇಶಸಂಧಿ. ಬಿಚ್ಚುವಾಗ ಚಿಮ್ಮಿ ಚರಂಡಿ ಸೇರಿದ ಹಳೆಯ ಸ್ಪ್ರಿಂಗು (ಡಬ್ಬಿಯಲ್ಲಿ ಹೊಸದಿತ್ತು, ಪುಣ್ಯ) ಲೋಪಸಂಧಿ. ಎಲ್ಲವನ್ನೂ ಬಿಗಿದ ಮೇಲೂ ಅಂಗೈಯಲ್ಲಿ ಉಳಿದ ಎರಡು ವಾಷರುಗಳು ಎಲ್ಲಿಯವೆಂದು ತಿಳಿಯದೆ ಅವನ್ನು ಆಗಮಸಂಧಿ ಎಂದು ಸಮಾಧಾನಪಟ್ಟುಕೊಂಡೆ.

ಪಂಪಿನ ಕೆಳಗೆ ಕೈಯಿಂದ ಒತ್ತುವ ಒಂದು ಚಿಕ್ಕ ಸನ್ನೆಕೋಲಿದೆ. ಅದನ್ನು ಒತ್ತುತ್ತಿದ್ದರೆ ಗಾಜಿನ ಬಟ್ಟಲಿಗೆ ಪೆಟ್ರೋಲು ಏರಬೇಕು. ಒತ್ತಿದೆ. ನೂರು ಸಲ ಒತ್ತಿದೆ. ಬಟ್ಟಲು ಏಕಾದಶಿ ಮಾಡುತ್ತಿತ್ತು. ಮತ್ತೆ ಬಿಚ್ಚಿ, ಮತ್ತೆ ಜೋಡಿಸಿ ಒತ್ತಿದೆ. ಬಟ್ಟಲಿಗೆ ದ್ವಾದಶಿ ಬರಲೇ ಇಲ್ಲ. ಅಷ್ಟರಲ್ಲಿ ಬೀದಿಯ ಧನ್ವಂತರಿಗಳೆಲ್ಲ ನೆರೆದಿದ್ದರು. ಮುನಿಶಾಮಪ್ಪ ಕನಿಕರದಿಂದ, “ಬಸ್ಸು ಉಂದಿ ಕದಾ ಮೇಷ್ಟ್ರೇ, ಅಮ್ಮಾವ್ರನ್ನ ಅದ್ರಲ್ಲೇ ಕಳಿಸಿ,” ಎಂದ. ಬಾಗಿಲಲ್ಲಿ ನಿಂತಿದ್ದ ರುಕ್ಮಿಣಿ ಒಲ್ಲೆನೆಂದು ತಲೆ ಅಲ್ಲಾಡಿಸಿದಳು.

ಸಂಜೆಯ ಹೊತ್ತಿಗೆ ಮುನಿಶಾಮಪ್ಪನೊಬ್ಬನ ಹೊರತು ಎಲ್ಲರೂ ಕರಗಿದ್ದರು. ಮೂರನೆಯ ಸಲ ಬಿಚ್ಚಿದ ಪಂಪನ್ನು ಎದುರಿಗಿಟ್ಟುಕೊಂಡು ಜಗಲಿಯ ಮೇಲೆ ಕುಳಿತಿದ್ದೆ. ರುಕ್ಮಿಣಿ ಕಾಫಿ ತಂದಳು.

“ಆಗ್ಲಿಲ್ಲ ಕಣೇ ರುಕ್ಕು,” ಎಂದೆ. ಒಮ್ಮೆ ಬಿಡಿಸಿದ ಶಾಲೆಯನ್ನು ಎರಡನೆಯ ಸಲವೂ ನಾನೇ ಬಿಡಿಸಿದಂತಾಗಿತ್ತು.

ಅವಳು ಬಗ್ಗಿ ಪಂಪಿನೊಳಗೆ ನೋಡಿದಳು. ಬಹಳ ಹೊತ್ತು ನೋಡಿದಳು. ಏನೂ ಹೇಳದೆ ಒಳಗೆ ಹೋದಳು. ನಾನು ಕಾಫಿ ಕುಡಿದು ಲೋಟ ಕೆಳಗಿಟ್ಟೆ. ಅವಳು ಮತ್ತೆ ಹೊರಗೆ ಬಂದಳು.

“ಏನ್ರೀ, ಈ ಎರಡು ಬಿಲ್ಲೆ ಬಾಗಿಲಲ್ವಾ?”

“ಹೌದು. ವಾಲ್ವು ಅಂತಾರೆ.”

“ಎರಡೂ ಒಳಕ್ಕೇ ತೆರ್ಕೊಳ್ಳೋ ಹಾಗೆ ಕೂರ್ಸಿದೀರಲ್ರೀ! ಎರಡೂ ಬಾಗಿಲು ಬನ್ನಿ ಬನ್ನಿ ಅಂದ್ರೆ, ಹೋಗಿಬನ್ನಿ ಅನ್ನೋರು ಯಾರು? ಒಂದನ್ನ ಮಗುಚಿ ಹಾಕಿ.”

ಅವಳ ವಿಜ್ಞಾನದ ಪುಸ್ತಕದಲ್ಲಿ ಬಾವಿಯಿಂದ ನೀರೆತ್ತುವ ಪಂಪಿನ ಪಾಠವೊಂದಿತ್ತಂತೆ. ಒಂದು ಬಾಗಿಲು ಒಳಕ್ಕೆ, ಇನ್ನೊಂದು ಹೊರಕ್ಕೆ. ಸ್ತೋತ್ರವೆಂದು ನಾನು ನಗುತ್ತಿದ್ದ ಬಾಯಿಪಾಠದ ಅರ್ಥವೆಲ್ಲ ಅವಳ ತಲೆಯಲ್ಲಿ ತಣ್ಣಗೆ ಕುಳಿತಿತ್ತು. ನಾನು ಒಂದು ಬಿಲ್ಲೆಯನ್ನು ಮಗುಚಿದೆ, ಪಂಪನ್ನು ಬಿಗಿದೆ, ಸನ್ನೆ ಒತ್ತಿದೆ. ಬಟ್ಟಲಿನ ತಳದಲ್ಲಿ ಪೆಟ್ರೋಲು ಮಿನುಗಿತು, ಏರಿತು, ತುಂಬಿತು. “ಅಬ್ಬಬ್ಬಾ, ಅಮ್ಮಾವ್ರೇ!” ಎಂದು ಮುನಿಶಾಮಪ್ಪ ಕೈ ಮುಗಿದೇಬಿಟ್ಟ. ರುಕ್ಮಿಣಿ ನಗಲಿಲ್ಲ, ಪುಸ್ತಕ ತೆಗೆದುಕೊಂಡು ಓದಲು ಕುಳಿತಳು.

ಸೋಮವಾರ ಬೆಳಿಗ್ಗೆ ಕಾರು ಚಿಕ್ಕಬಳ್ಳಾಪುರದ ದಾರಿಯಲ್ಲಿ ಒಮ್ಮೆಯೂ ಬಿಕ್ಕದೆ ಓಡುತ್ತಿತ್ತು. ಅರ್ಧ ದಾರಿ ಕಳೆದ ಮೇಲೆ ರುಕ್ಮಿಣಿ ಕಿಟಕಿಯ ಆಚೆ ನೋಡುತ್ತಲೇ ಮಾತು ತೆಗೆದಳು.

“ನಿನ್ನೆ ನೋಡಿದ ತಕ್ಷಣಾನೇ ಗೊತ್ತಾಯ್ತು ಕಣ್ರೀ ನಂಗೆ. ಗೊತ್ತಾಗೇ ಒಳಗೆ ಹೋದೆ. ಬಾಯಿ ಮುಚ್ಕೊಂಡಿದ್ರೆ ಪರೀಕ್ಷೆ ತಪ್ತಿತ್ತು, ಯಾರೂ ನನ್ನ ಅನ್ನೋ ಹಾಗೂ ಇರ್ಲಿಲ್ಲ, ಕಾರನ್ನ ಅಂತಿದ್ರು. ಒಲೆ ಮುಂದೆ ನಿಂತ್ಕೊಂಡಿದ್ದೆ. ಆಮೇಲೆ ಅನ್ನಿಸ್ತು, ಗೊತ್ತಿರೋದನ್ನ ಗೊತ್ತಿಲ್ಲ ಅಂತ ಇವತ್ತು ಕೂತ್ರೆ, ಇನ್ನು ಜೀವಮಾನ ಪೂರ್ತಿ ಹಾಗೇ ಕೂತಿರ್ಬೇಕಲ್ಲ ಅಂತ.”

ಕಾರು ಓಡಿಸುತ್ತಿದ್ದೆನಾದ್ದರಿಂದ ಕಣ್ಣೊರೆಸಿಕೊಳ್ಳಲು ಆಗಲಿಲ್ಲ. ನನ್ನ ಸೋಮಾರಿತನ, ನನ್ನ ಅಜ್ಞಾನ, ಎರಡನ್ನೂ ದಾಟಿ ತನ್ನ ಪರೀಕ್ಷೆಗೆ ತಾನೇ ದಾರಿ ಮಾಡಿಕೊಂಡವಳ ಪಕ್ಕದಲ್ಲಿ ಸಾರಥಿಯಾಗಿ ಕೂರುವ ಭಾಗ್ಯ ನನ್ನದಾಯಿತಲ್ಲ, ಅದಕ್ಕೆ ನಾನು ಇವತ್ತಿಗೂ ಕೃತಜ್ಞ. ಅವಳು ಪಾಸಾದಳೆಂದು ಬೇರೆ ಹೇಳಬೇಕಾಗಿಲ್ಲ. ನನಗೆ ನೆನಪಿರುವುದು ಫಲಿತಾಂಶದ ದಿನವಲ್ಲ, ಆ ಸೋಮವಾರ ಕಡೆಯ ಗಂಟೆ ಹೊಡೆದ ಮೇಲಿನ ಹೊತ್ತು.

ಗೇಟಿನಾಚೆ, ಬೇವಿನ ಮರದ ಕೆಳಗೆ, ನಮ್ಮ ಶಾಲೆಯ ಏಳೆಂಟು ಹುಡುಗಿಯರು ಅವಳನ್ನು ಸುತ್ತುವರಿದು ನಿಂತಿದ್ದರು. “ಅಮ್ಮಾವ್ರೇ, ಆಯಸ್ಕಾಂತದ ಪ್ರಶ್ನೆಗೆ ನೀವೇನು ಬರೆದ್ರಿ?” ಎಂದು ಒಬ್ಬಳು ಕೇಳುತ್ತಿದ್ದಳು. ರುಕ್ಮಿಣಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡು ಕೈಗಳಲ್ಲಿ ಉತ್ತರ ದಕ್ಷಿಣಗಳನ್ನು ತೋರಿಸುತ್ತ ಹೇಳಿಕೊಡುತ್ತಿದ್ದಳು. ನಾನು ಕಾರಿನ ಬಾಗಿಲು ತೆರೆದು ಹಿಡಿದೆ. ಅವಳು ನನ್ನನ್ನು ನೋಡಿದಳು. ಸ್ವಲ್ಪ ಇರಿ ಎಂದು ಕೈಸನ್ನೆ ಮಾಡಿ, ಮತ್ತೆ ಹುಡುಗಿಯರ ಕಡೆಗೆ ತಿರುಗಿದಳು.

ಬಾಗಿಲು ಮುಚ್ಚಿ ಕಾದೆ.