ವಿಭೂತಿ ಡಬ್ಬಿಯ ಗುಳಿಗೆ

ಮಸ್ಕಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿರುವ ಅಮರಗುಂಡಪ್ಪನ ಮನೆಗೆ ಸೊಸೆ ಬಂದು ವರ್ಷ ತುಂಬಿರಲಿಲ್ಲ. ಅಷ್ಟರಲ್ಲೇ ಓಣಿಯ ಹೆಂಗಸರ ಬಾಯಲ್ಲಿ ಅವಳ ಹೆಸರು ಬಂದರೆ ಬೆನ್ನಿಗೇ ಅವಳ ಪೂಜೆಯ ಮಾತೂ ಬರುತ್ತಿತ್ತು. ಬೆಳಗ್ಗೆ ಮಿಂದು, ದೇವರ ಕೋಣೆಯ ಬಾಗಿಲು ಮುಂದೆ ಮಾಡಿ, ಕೊರಳ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಅಶ್ವಿನಿ ಕುಳಿತಳೆಂದರೆ ಮನೆಯಲ್ಲಿ ಮಿಕ್ಸಿ ಕೂಡ ಸದ್ದು ಮಾಡುತ್ತಿರಲಿಲ್ಲ. “ಈಗಿನ ಹುಡುಗ್ಯಾರು ಕೊರಳಾಗ ಲಿಂಗಾನ ಕಟ್ಟಂಗಿಲ್ಲ. ನಮ್ಮ ಸೊಸಿ ಒಂದು ದಿನ ಪೂಜಿ ತಪ್ಪಿಸಿದ್ದು ನಾ ನೋಡಿಲ್ಲ,” ಎಂದು ಅತ್ತೆ ಬಸವಣ್ಣೆಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು.

ತಪ್ಪಿಸುವುದಾದರೂ ಹೇಗೆ? ವಿಭೂತಿ ಡಬ್ಬಿಯ ತಳದಲ್ಲಿ, ಬೂದಿಯ ಅಡಿ, ಅವಳ ಅಂದಿನ ಗುಳಿಗೆ ಇರುತ್ತಿತ್ತು. ಹಣೆಗೆ ವಿಭೂತಿ ಎಳೆದುಕೊಂಡು, ಲಿಂಗಕ್ಕೆ ನೀರೆರೆದು, ಆ ತೀರ್ಥದ ಜತೆ ಗುಳಿಗೆ ನುಂಗಿ ಎದ್ದರೆ ಅವಳ ದಿನ ಶುರು. ಭಕ್ತಿ ಇರಲಿಲ್ಲವೆಂದಲ್ಲ. ದೇವರ ಮುಂದೆ ಕುಳಿತೇ ಗಂಡನ ಮನೆಯವರ ಕಣ್ಣಿಗೆ ಮಣ್ಣೆರಚುವವಳಿಗೆ ಎಷ್ಟು ಭಕ್ತಿ ಇದ್ದೀತೋ ಅಷ್ಟು ಇತ್ತು.

ಪಿಯುಸಿ ಓದುವಾಗ ಲಿಂಗಸುಗೂರಿನ ಕಾಲೇಜಿನ ವರಾಂಡದಲ್ಲಿ ಒಮ್ಮೆ, ಮನೆಯ ಹಿತ್ತಲಲ್ಲಿ ಒಮ್ಮೆ ಅವಳು ಕಣ್ಣು ಮೇಲೆ ಮಾಡಿ ಬಿದ್ದು, ಕೈಕಾಲು ಸೆಟೆದುಕೊಂಡಿದ್ದಳು. ರಾಯಚೂರಿನ ಡಾಕ್ಟರು ಗುಳಿಗೆ ಬರೆದುಕೊಟ್ಟು, ದಿನವೂ ನುಂಗಬೇಕು, ನಿದ್ದೆ ಕೆಡಬಾರದು, ತಮ್ಮನ್ನು ಕೇಳದೆ ಬೇರೆ ಗುಳಿಗೆ ಮುಟ್ಟಬಾರದು, ಬಾವಿ ಕಾಲುವೆಗೆ ಇಳಿಯಬಾರದು ಎಂದಿದ್ದರು. ಅದನ್ನೆಲ್ಲ ಪಾಲಿಸಿದ್ದಕ್ಕೆ ನಾಲ್ಕು ವರ್ಷದಿಂದ ಏನೂ ಆಗಿರಲಿಲ್ಲ. ಗಂಡಿನವರು ನೋಡಲು ಬರುವ ದಿನ ಅವ್ವ ಶಿವಕುಮಾರಿ ಮಗಳ ಜಡೆ ಹೆಣೆಯುತ್ತ ಹೇಳಿದ್ದಳು: “ಬಾಯಿ ಬಿಟ್ಟಿ ಅಂದ್ರ ಜನ್ಮಪೂರ್ತಿ ಈ ಮನ್ಯಾಗ ಕುಂಡ್ರತಿ. ನಾ ಸತ್ತ ಮ್ಯಾಲೆ ನಿನ್ನ ಯಾರು ನೋಡ್ತಾರ?” ವಿಭೂತಿ ಡಬ್ಬಿಯ ಉಪಾಯವೂ ಅವ್ವನದೇ. ಪೂಜೆಗೆ ಕುಳಿತ ಸೊಸೆಯನ್ನು ಯಾವ ಅತ್ತೆಯೂ ಎಬ್ಬಿಸುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಹೀಗೇ ಸಾಗುತ್ತಿತ್ತೇನೋ, ನಡುವೆ ಅಂಡಮಾನ್ ಬಂತು.

ಹೆಚ್ಚು ಬೀಜ ಮಾರಿದ ಅಂಗಡಿಯವರನ್ನು ಜೋಡಿಯಾಗಿ ಪ್ರವಾಸಕ್ಕೆ ಒಯ್ಯುವುದು ಕಂಪನಿಗಳ ರೂಢಿ. ಈ ಸಲ ಅಮರಗುಂಡಪ್ಪನ ಪಾಲಿಗೆ ಅಂಡಮಾನ್ ದ್ವೀಪ ಬಂದಿತ್ತು. ಅವನಿಗೋ ಮೊಣಕಾಲು ನೋವು. ಮನೆಯ ಮೆಟ್ಟಿಲು ಇಳಿಯುವುದೇ ಒಂದು ಪ್ರವಾಸ. ಮದುವೆಯಾದ ಮೇಲೆ ಎಲ್ಲೂ ಹೋಗದ ಮಗ ಸೊಸೆ ಹೋಗಿ ಬರಲಿ ಎಂದು ಟಿಕೀಟು ಅವರ ಹೆಸರಿಗೆ ಮಾಡಿಸಿದ. ಮನೆಯಲ್ಲಿ ಹಬ್ಬವೋ ಹಬ್ಬ. ಅಶ್ವಿನಿಗೆ ಮಾತ್ರ, ಡಾಕ್ಟರು ಬೇಡವೆಂದದ್ದನ್ನೆಲ್ಲ ಹುಡುಕಿ ತೆಗೆದು ಒಂದೇ ದ್ವೀಪದಲ್ಲಿ ರಾಶಿ ಹಾಕಿದ್ದಾರೆ ಅನಿಸಿತು.

ಗಂಡ ಅನಿಲಕುಮಾರ ಒಳ್ಳೆಯವನು, ಬಾಯಿ ತುಂಬ ಮಾತಿನವನು. ಈಜುವ ಕನ್ನಡಕ ಎರಡು ತರಿಸಿ, ಒಂದನ್ನು ಹಾಕಿಕೊಂಡೇ ಊಟಕ್ಕೆ ಕುಳಿತ. ತಲೆಗೆ ಗಾಜಿನ ಬುಟ್ಟಿ ಹಾಕಿಕೊಂಡು ಸಮುದ್ರದ ತಳದಲ್ಲಿ ನಡೆಯುವವರ ವಿಡಿಯೋ ತೋರಿಸಿ, “ಇದು ನಾವಿಬ್ರೂ ಮಾಡೋದ,” ಎಂದ. ಅಮರಗುಂಡಪ್ಪನಿಗೆ ಮನುಷ್ಯರಿಗೂ ಹತ್ತಿ ಗಿಡಕ್ಕೂ ಹೆಚ್ಚು ಫರಕು ಕಾಣುತ್ತಿರಲಿಲ್ಲ. “ಹುಳ ಬಿದ್ದ ಮ್ಯಾಲೆ ಎಣ್ಣಿ ಹೊಡೆದ್ರ ಬೆಳಿ ಉಳಿತದೇನು? ಮೊದಲ ಹೊಡಿಬೇಕು,” ಎನ್ನುತ್ತ, ಪರಿಚಯದ ಡಾಕ್ಟರಿಂದ ಮಲೇರಿಯಾ ಬರದಂತೆ ತಡೆಯುವ ಗುಳಿಗೆ ಬರೆಸಿ ತಂದ. ಹೊರಡುವ ಮೊದಲೇ ಶುರು ಮಾಡಿ ಸೋಮವಾರಕ್ಕೊಂದು ನುಂಗಬೇಕಂತೆ. ಬಸವಣ್ಣೆಮ್ಮ ಸೊಸೆಯನ್ನು ಅಡುಗೆಮನೆಗೆ ಕರೆದು ಇನ್ನೊಂದು ಪೊಟ್ಟಣ ಕೈಗಿಟ್ಟಳು. “ಅಲ್ಲಿ ಹೋದಾಗ ಮುಟ್ಟಾದ್ರ ನೀರಾಗ ಆಡಾಕ ತ್ರಾಸು. ಇದನ್ನ ತಗೋ, ಮುಂದಕ ಹೋಗ್ತದ.” ನೀರಿಗಿಳಿಯದೆ ದಂಡೆಯಲ್ಲಿ ಕೂರಲು ಅಶ್ವಿನಿ ಹುಡುಕಿಟ್ಟುಕೊಂಡಿದ್ದ ಒಂದೇ ನೆವ ಅದು. ಅತ್ತೆ ಪ್ರೀತಿಯಿಂದಲೇ ಅದನ್ನೂ ಕಿತ್ತುಕೊಂಡಳು.

ಸೋಮವಾರ ಪೂಜೆ ಮುಗಿಸಿ ಬಾಗಿಲು ತೆಗೆದರೆ ಬಸವಣ್ಣೆಮ್ಮ ತಂಬಿಗೆ ಹಿಡಿದು ಹೊಸ್ತಿಲಲ್ಲೇ ನಿಂತಿದ್ದಳು. “ಬರೇ ಹೊಟ್ಟ್ಯಾಗ ಬ್ಯಾಡ, ಬೆಲ್ಲ ತಿಂದು ನುಂಗು.” ಅಶ್ವಿನಿ ಮಲೇರಿಯಾ ಗುಳಿಗೆಯನ್ನು ನಾಲಿಗೆಯಡಿ ಅದುಮಿಟ್ಟುಕೊಂಡು ನೀರು ಕುಡಿದಳು. ಬಚ್ಚಲಿಗೆ ಹೋಗಿ ಉಗಿಯುವ ಹೊತ್ತಿಗೆ ಬಾಯೆಲ್ಲ ಕಹಿಯಾಗಿ ಕಣ್ಣಲ್ಲಿ ನೀರು ಬಂದಿತ್ತು. ಮಧ್ಯಾಹ್ನ ಮಾಳಿಗೆ ಹತ್ತಿ ರಾಯಚೂರಿನ ಡಾಕ್ಟರಿಗೆ ಫೋನು ಮಾಡಿದಳು. ಆ ಗುಳಿಗೆ ನಿನ್ನಂಥವರಿಗೆ ಆಗಿಬರುವುದಿಲ್ಲ, ಮಲೇರಿಯಾಕ್ಕೆ ಬೇರೆ ದಾರಿ ಇದೆ, ನೀರಿಗಂತೂ ಇಳಿಯಲೇಬೇಡ ಎಂದು ಹೇಳಿ ಅವರು ಕೊನೆಗೆ ಕೇಳಿದರು: “ಜೊತೆಗೆ ಬರೋರಿಗೆ ಹೇಳಿದ್ದೀಯೇನಮ್ಮಾ? ಗೊತ್ತಿಲ್ಲದವರು ನಿನ್ನನ್ನ ಹೇಗೆ ಕಾಪಾಡ್ತಾರೆ?” ಅವ್ವನಿಗೆ ಫೋನು ಮಾಡಿದರೆ ಅವಳದು ಒಂದೇ ಮಾತು, “ಉಗುಳು, ಬಾಯಿ ಬಿಡಬ್ಯಾಡ.”

ಹೊರಡುವ ಮುನ್ನ ಎಲ್ಲ ಜೋಡಿಗಳಿಗೂ ಸುರಕ್ಷತೆಯ ತಿಳಿವಳಿಕೆ ಕೊಡುವುದಿದೆ ಎಂದು ಕಂಪನಿಯವರು ಸಿಂಧನೂರಿಗೆ ಕರೆದರು. ಇಬ್ಬರೂ ಬೈಕಿನಲ್ಲಿ ಹೊರಟರು. ಎರಡೂ ಕಡೆ ನಾಟಿ ಮಾಡಿದ ಗದ್ದೆ. ಕಾಲುವೆ ಬಂದಲ್ಲಿ ಅನಿಲ ಗಾಡಿ ನಿಲ್ಲಿಸಿ, ಅವಳನ್ನು ದಂಡೆಗೆ ಕರೆದೊಯ್ದ. ನೀರು ತುಂಬಿ ಹರಿಯುತ್ತಿತ್ತು.

“ಯಾಕ, ನೀರು ಕಂಡ್ರ ಅಂಜ್ತಿಯೇನು? ನಾ ಕೈ ಹಿಡ್ಕೋತೀನಿ ಬಿಡು. ಸಮುದ್ರದ ತಳದಾಗೂ ಬಿಡಂಗಿಲ್ಲ.”

ಆ ಮಾತೇ ಅವಳ ಬಾಯಿ ಬಿಡಿಸಿತು. ನಾಳೆ ನೀರಿನಡಿ ತಾನು ಸೆಟೆದುಕೊಂಡರೆ ಈ ಕೈ ಹಿಡಿದವನಿಗೆ ಏನಾಗಿದೆ ಎಂದೂ ತಿಳಿಯುವುದಿಲ್ಲ. “ನನಗ ಫಿಟ್ಸ್ ಅದಾವ್ರೀ,” ಎಂದಳು. “ದಿನಾ ಗುಳಿಗಿ ತಗೋತೀನಿ. ಮದುವಿ ಮೊದಲ ಹೇಳಲಿಲ್ಲ.”

ಅನಿಲ ಅವಳ ಮುಖ ನೋಡಿದ, ನೀರು ನೋಡಿದ. ಒಂದು ಮಾತೂ ಆಡದೆ ಹೋಗಿ ಗಾಡಿ ಚಾಲೂ ಮಾಡಿದ. ಸಿಂಧನೂರಿನಿಂದಲೇ ತವರೂರು ಲಿಂಗಸುಗೂರಿನ ಬಸ್ಸು ಹತ್ತಿಸಿ ಕಳಿಸುತ್ತಾನೇನೋ ಎಂದು ಅಶ್ವಿನಿ ಹಿಂದೆ ಕುಳಿತು ಅಂಜುತ್ತಿದ್ದಳು.

ಬಸ್‌ಸ್ಟ್ಯಾಂಡ್ ದಾಟಿತು, ಗಾಡಿ ನಿಲ್ಲಲಿಲ್ಲ. ಹೋಟೆಲಿನ ಸಭಾಂಗಣದಲ್ಲಿ ಅಂಗಡಿಯವರೆಲ್ಲ ಹೆಂಡಂದಿರ ಜತೆ ಕುಳಿತಿದ್ದರು. ಪ್ರವಾಸ ಕರೆದೊಯ್ಯುವ ಹುಡುಗ ಆಸೀಮ್ ಕಿತ್ತಳೆ ಬಣ್ಣದ ಜಾಕೀಟು ತೊಟ್ಟು, ನೀರಲ್ಲಿ ತೇಲಲು ಪಟ್ಟಿ ಹೇಗೆ ಬಿಗಿಯಬೇಕು, ಬಿಸಿಲಿಗೆ ಏನು ಹಚ್ಚಬೇಕು, ಹವಳದ ಕಲ್ಲು ಯಾಕೆ ತುಳಿಯಬಾರದು ಎಂದೆಲ್ಲ ಹೇಳಿದ. ಕೊನೆಗೆ ಕೇಳಿದ, “ಯಾರಿಗಾದ್ರೂ ಹಾರ್ಟ್ ತಕ್ಲೀಫು, ದಮ್ಮು, ಫಿಟ್ಸ್ ಅದಾವೇನ್ರೀ? ಶರಮ್ ಮಾಡ್ಕೋಬ್ಯಾಡ್ರಿ, ಜೀವದ ಪ್ರಶ್ನಿ.” ಅಶ್ವಿನಿ ಕೈ ಎತ್ತಲಿಲ್ಲ.

ಪಕ್ಕದಲ್ಲಿ ಅನಿಲ ಎದ್ದು ನಿಂತ. “ನನಗ ಅದಾವ. ಫಿಟ್ಸ್.”

ಅವಳು ತಟ್ಟನೆ ತಲೆಯೆತ್ತಿ ಅವನನ್ನು ನೋಡಿದಳು. ಆದರೆ ಅಲ್ಲಿದ್ದವರು ಯಾರೂ ಬೆಚ್ಚಲಿಲ್ಲ. “ಶಾಬ್ಬಾಸ್, ಹೇಳಿದ್ದು ಛಲೋ ಆತು,” ಎಂದ ಆಸೀಮ್. “ಸಾಹೇಬ್ರು ನೀರಿಗಿಳಿಯಂಗಿಲ್ಲ, ಮೇಡಂ ದಂಡಿ ಮ್ಯಾಲೆ ಜೊತಿಗಿರ್ತಾರ. ಗುಳಿಗಿ ಮೇಡಂ ಚೀಲದಾಗ ಇರ್ಲಿ.” ಸಿಂಧನೂರಿನ ಅಂಗಡಿಯ ಪಂಪಾಪತಿ ಅನಿಲನ ಬೆನ್ನು ತಟ್ಟಿ, “ನಮ್ಮ ತಮ್ಮಗೂ ಇದ್ವು, ಮೂರು ಮಕ್ಕಳಾಗ್ಯಾವ ಅವಗ,” ಎಂದು ನಕ್ಕು ಚಹಾಕ್ಕೆ ಎಬ್ಬಿಸಿಕೊಂಡು ಹೋದ. ಯಾವ ಮಾತಿಗೆ ಹೆದರಿ ಅವಳು ದೇವರನ್ನೇ ಮರೆ ಮಾಡಿಕೊಂಡಿದ್ದಳೋ, ಆ ಮಾತಿಗೆ ಗಂಡಸಿನ ಬಾಯಲ್ಲಿ ಇದ್ದ ಬೆಲೆ ಒಂದು ಕಪ್ಪು ಚಹಾ.

ಹೆಂಗಸರ ಕಡೆ ಹಾಗಿರಲಿಲ್ಲ. ಪಂಪಾಪತಿಯ ಹೆಂಡತಿ ಶೇಖಮ್ಮ ಅಶ್ವಿನಿಯ ಗಲ್ಲ ಹಿಡಿದು, “ಮದುವಿ ಮೊದಲ ನಿಮಗ ಹೇಳಿದ್ರೇನವಾ?” ಎಂದು ಕೇಳಿದಳು.

ಏನು ಹೇಳಿದರೂ ಸುಳ್ಳೇ. “ಇಲ್ಲ,” ಎಂದಳು ಅಶ್ವಿನಿ.

“ಮುಚ್ಚಿಟ್ಟು ಮಾಡ್ಯಾರ ನೋಡು! ಇಂಥವರ ಕೈ ಮುರ್ದು ಹೋಗ್ಲಿ. ಒಬ್ಬರ ಬಾಳು ಹಾಳು ಮಾಡಿ ಹೆಂಗ ಉಣ್ಣಾಕ ಮನಸ್ಸು ಬರ್ತದ ಇವರಿಗೆ?” ಸುತ್ತ ಇದ್ದವರೂ ಹೌದೌದು ಎಂದರು. ಒಂದೊಂದು ಬೈಗುಳವೂ ಲಿಂಗಸುಗೂರಿನ ತನ್ನ ಅವ್ವನಿಗೆ ಹೋಗಿ ತಾಗುತ್ತಿದ್ದರೂ ಅಶ್ವಿನಿ ತಲೆ ಬಗ್ಗಿಸಿ ಎಲ್ಲರ ಕನಿಕರ ಇಸಿದುಕೊಂಡಳು.

“ಮುಗೀತಲ್ಲ,” ಎಂದ ಅನಿಲ ಗಾಡಿ ಹತ್ತುವಾಗ. ದೊಡ್ಡ ಬೆಳೆ ತೆಗೆದವನ ಹಾಗೆ ಖುಷಿಯಾಗಿದ್ದ. “ಇನ್ನ ನಿನ್ನ ಯಾರೂ ಕೇಳಂಗಿಲ್ಲ.” ಅವನ ಮೇಲೆ ಅವಳಿಗೆ ಜೀವ ಹೋಗುವಷ್ಟು ಪ್ರೀತಿ ಬಂತು. ಯಾರೂ ಕೇಳುವುದಿಲ್ಲ ಎಂದರೆ ಇನ್ನು ತಾನು ಹೇಳುವಂತೆಯೂ ಇಲ್ಲ ಎಂಬುದೂ ಆಗಲೇ ಹೊಳೆಯಿತು.

ಅವರಿಗಿಂತ ಮೊದಲು ಪಂಪಾಪತಿಯ ಫೋನು ಮಸ್ಕಿ ಮುಟ್ಟಿತ್ತು. ಅಮರಗುಂಡಪ್ಪ ಗಿರಾಕಿಗಳನ್ನು ಬಿಟ್ಟು ಒಳಗೆ ಬಂದು ಕುಳಿತಿದ್ದ. ಯಾವಾಗಿನಿಂದ ಎಂದು ಕೇಳಿದ್ದಕ್ಕೆ ಅನಿಲ, ತಾನು ಓದುವಾಗ ಧಾರವಾಡದ ಹಾಸ್ಟೆಲಿನಲ್ಲಿ ಎರಡು ಸಲ ಬಂದಿತ್ತೆಂದು ನಿಂತ ನಿಲುವಿನಲ್ಲಿ ಇನ್ನೊಂದು ಸುಳ್ಳು ಹೆಣೆದ. ಬಸವಣ್ಣೆಮ್ಮ ಮಗನನ್ನು ಬೈಯಲಿಲ್ಲ. ದೇವರ ಕೋಣೆಯ ಹೊಸ್ತಿಲ ಹತ್ತಿರ ಸೊಸೆಯ ಎರಡೂ ಕೈ ಹಿಡಿದುಕೊಂಡು ಅತ್ತಳು.

“ನಾವು ಮೋಸ ಮಾಡಿಲ್ಲ ತಂಗಿ. ಲಿಂಗದಾಣಿ, ನಮಗೂ ಗೊತ್ತಿರ್ಲಿಲ್ಲ. ಗುಳಿಗಿ ತಗೊಂಡ್ರ ಏನೂ ಆಗಂಗಿಲ್ಲಂತ. ಇಷ್ಟಕ್ಕ ನನ್ನ ಮಗನ್ನ ಬಿಟ್ಟು ಹೋಗಬ್ಯಾಡವಾ.”

ಅಶ್ವಿನಿಗೆ ನಾಚಿಕೆಯಿಂದ ಸತ್ತೇ ಹೋಗುವಂತಾಯಿತು. ಬಾಯಿ ತೆರೆಯಬೇಕೆನ್ನುವಾಗ ಅತ್ತೆಯ ಬೆನ್ನ ಹಿಂದೆ ಅನಿಲ ಬೇಡ ಬೇಡವೆಂದು ತಲೆಯಾಡಿಸಿದ. ಬಸವಣ್ಣೆಮ್ಮ ಕಣ್ಣೊರೆಸಿಕೊಂಡು, “ಇವನ ಗುಳಿಗಿ ನಿನ್ನ ಹತ್ರ ಅದಾವಂತಲ್ಲ, ತಾ ಇಲ್ಲಿ. ಇವನ್ನ ನಂಬಂಗಿಲ್ಲ, ಇನ್ನ ಮ್ಯಾಲೆ ನಾನ ಕೊಡ್ತೀನಿ,” ಎಂದಳು. ಬೇರೆ ದಾರಿ ಕಾಣದೆ ಅಶ್ವಿನಿ ಟ್ರಂಕಿನ ತಳದಿಂದ ತೆಗೆದು ಕೊಟ್ಟಳು. ಇದ್ದಬದ್ದ ಗುಳಿಗೆಯೆಲ್ಲ ಅತ್ತೆಯ ಅಲಮಾರಿ ಸೇರಿತು. ಕೀಲಿ ಅವಳ ಸೊಂಟದಲ್ಲಿ.

ಹಿತ್ತಲಲ್ಲಿ ಅನಿಲ ಸಮಾಧಾನ ಹೇಳಿದ, “ಚಿಂತಿ ಮಾಡಬ್ಯಾಡ. ನಾ ನುಂಗಿದಂಗ ಮಾಡಿ ದವಡ್ಯಾಗ ಇಟ್ಕೋತೀನಿ. ಆಮ್ಯಾಲೆ ನಿನಗ ಕೊಡ್ತೀನಿ.”

“ಎಷ್ಟು ದಿನಾ ರೀ?”

“ನಡೀತದ ಬಿಡು,” ಎಂದ ಅವನು. ಅವಳು ಬಚ್ಚಲಲ್ಲಿ ಉಗಿದಿದ್ದ ಆ ಕಹಿ ಅವಳ ಬಾಯಿಗೆ ಮತ್ತೆ ಬಂತು. ಇಂದಿನವರೆಗೆ ದೇವರ ಮರೆ, ಇನ್ನು ಮೇಲೆ ಗಂಡನ ದವಡೆ.

ಮರುದಿನ ಬೆಳಗ್ಗೆ ವಿಭೂತಿ ಡಬ್ಬಿಯಲ್ಲಿ ಬರೀ ವಿಭೂತಿ ಇತ್ತು. ಮದುವೆಯಾದ ಮೇಲೆ ಮೊದಲ ಸಲ ಅಶ್ವಿನಿ ಪೂಜೆಗೆಂದೇ ಕುಳಿತಳು. ಎದ್ದು ಬಾಗಿಲು ತೆಗೆದಾಗ ಬಸವಣ್ಣೆಮ್ಮ ಒಂದು ಕೈಯಲ್ಲಿ ತಂಬಿಗೆ, ಒಂದು ಕೈಯಲ್ಲಿ ಗುಳಿಗೆ ಹಿಡಿದು ನಿಂತಿದ್ದಳು. ಎದುರಿಗೆ ಬನಿಯನ್ನಿನಲ್ಲಿ ಅನಿಲ, ಲಸಿಕೆಗೆ ಸಾಲು ನಿಂತ ಮಗುವಿನಂತೆ ಬಾಯಿ ತೆರೆದುಕೊಂಡು. ಅಶ್ವಿನಿ ಹೋಗಿ ಇಬ್ಬರ ನಡುವೆ ಕೈ ಒಡ್ಡಿದಳು. ಲಿಂಗಕ್ಕೆ ಎರೆದ ನೀರಿನ ಪಸೆ ಅಂಗೈಯಲ್ಲಿ ಇನ್ನೂ ಇತ್ತು.

“ಅತ್ತೀ, ಅದು ನಂದು. ಅವರಿಗೆ ಏನೂ ಇಲ್ಲ. ಫಿಟ್ಸ್ ಬರೋದು ನನಗ. ದಿನಾ ವಿಭೂತಿ ಡಬ್ಬ್ಯಾಗ ಇಟ್ಟು ನುಂಗ್ತಿದ್ದೆ.”

ಅತ್ತೆಯ ಕೈಯಿಂದ ತೆಗೆದುಕೊಂಡು, ಅವಳೆದುರೇ ಬಾಯಿಗೆ ಹಾಕಿಕೊಂಡಳು. ಬಸವಣ್ಣೆಮ್ಮ ಮಗನ ಕಡೆ ನೋಡಿದಳು. ಅವನು ತಲೆ ತಗ್ಗಿಸಿದ. ಸೊಸೆಯ ಹಣೆಯ ವಿಭೂತಿ ನೋಡಿದಳು, ಒಳಗಿದ್ದ ಡಬ್ಬಿ ನೋಡಿದಳು. ಇಷ್ಟು ದಿನ ಓಣಿಗೆಲ್ಲ ತಾನು ಹಾಡಿ ಹೊಗಳಿದ ಪೂಜೆ ಏನೆಂದು ಅವಳಿಗೆ ತಿಳಿಯುತ್ತ ಬಂತು.

“ಗುಳಿಗಿ ತಗೊಂಡ್ರ ಏನೂ ಆಗಂಗಿಲ್ಲ ಅಂತ ನಿನ್ನಿ ನೀವ ಅಂದ್ರಿ,” ಎಂದಳು ಅಶ್ವಿನಿ. “ನಿಮ್ಮ ಮಗನ್ನ ಬಿಡಬ್ಯಾಡ ಅಂದ್ರಿ. ನನ್ನ ಬಿಡ್ತೀರೇನು ಅತ್ತಿ?”

ಬಸವಣ್ಣೆಮ್ಮ ತಾನು ನಿನ್ನೆ ಕೈ ಹಿಡಿದು ಅತ್ತ ಅದೇ ಹೊಸ್ತಿಲ ಮೇಲೆ ಕುಳಿತಳು. ಅಲ್ಲಿಂದಲೇ ತಂಬಿಗೆಯನ್ನು ಮೇಲೆತ್ತಿ ಸೊಸೆಯ ಕಡೆ ಚಾಚಿದಳು.

“ನೀರು ಕುಡಿ ಮೊದಲ,” ಎಂದಳು. “ಗಂಟಲಾಗ ನಿಂತೀತು.”