ಅಡ್ಡ ಪಾಪೆಯ ಕಣ್ಣು

ಹಳೆಯ ಮಣಿಗಳ ಡಬ್ಬಿ ಸುರುವಿದಾಗ ಎರಡು ಕಂದು ಗುಂಡಿಗಳು ಉರುಳಿಕೊಂಡು ಬಂದು ನನ್ನ ಕಾಲ ಬಳಿ ನಿಂತವು. ನಡುವೆ ದುಂಡನೆಯ ಕರಿ ಚುಕ್ಕೆ. ಅರಗಿನ ಹೊಳಪು ಇನ್ನೂ ಮಾಸಿರಲಿಲ್ಲ. ಹಿಂದೆಯೇ ಒಂದು ಪುಟ್ಟ ಕಾಗದದ ಪೊಟ್ಟಣವೂ ಬಿತ್ತು. ಅದರೊಳಗೆ ಏನಿದೆ ಎಂದು ಬಿಚ್ಚಿ ನೋಡಬೇಕಾಗಿರಲಿಲ್ಲ...

ಆ ಗುಂಡಿಗಳು ಜಿಂಕೆಯ ಕಣ್ಣುಗಳು. ನಾನೇ ಕಡೆದವು. ಅಟೆಂಡರಣ್ಣ ಬೇಡವೆಂದು ವಾಪಸು ಕೊಟ್ಟವು.

ಅಟೆಂಡರಣ್ಣ ನಮ್ಮೂರ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಅಟೆಂಡರ್ ಆಗಿದ್ದರು. ಸತ್ತ ಹಕ್ಕಿ, ಮುಂಗುಸಿಗಳ ಚರ್ಮ ಸುಲಿದು, ಒಳಗೆ ತುಂಬಿ, ಬದುಕಿದ್ದ ಹಾಗೆ ನಿಲ್ಲಿಸುವ ಕೆಲಸ ಅವರಿಗೆ ಬರುತ್ತಿತ್ತು. ಅಂಗಿಗೆ ಸದಾ ನುಸಿಗುಳಿಗೆಯ ವಾಸನೆ. ಎರಡು ಸಾವಿರದ ಇಸವಿಯ ಈಚಿನ ವರ್ಷಗಳವು. ಬಿಡದಿ ಕಡೆ ಕಾರ್ಖಾನೆ ಮೇಲೆ ಕಾರ್ಖಾನೆ ಏಳುತ್ತಿದ್ದವು. ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ಬೊಂಬೆ ಕಡೆಯುವ ಯಂತ್ರಗಳು ಒಂದೊಂದಾಗಿ ನಿಲ್ಲುತ್ತಿದ್ದವು. ನಮ್ಮ ಯಜಮಾನರೂ ಕಡೆಯುವುದು ಬಿಟ್ಟು ಜಲ್ಲಿ ಸಾಗಿಸುವ ಟಿಪ್ಪರ್ ಹಿಡಿದರು. ಜಗಲಿಯ ಯಂತ್ರ ನನ್ನ ಪಾಲಿಗೆ ಬಂತು.

ಒಂದು ದಿನ ಅಟೆಂಡರಣ್ಣ ಬಂದು ಜಗಲಿಯಲ್ಲಿ ಕೂತರು.

"ಸಾತನೂರು ರಸ್ತೆಲಿ ಜಿಂಕೆ ಒಂದು ಗಾಡಿಗೆ ಸಿಕ್ಕಿ ಸತ್ತೋಗೈತೆ ಕಣವ್ವ. ಫಾರೆಸ್ಟಿನೋರು ಕಾಲೇಜಿಗೆ ಕೊಟ್ಟವ್ರೆ. ಗಾಜಿನ ಕಣ್ಣು ಎಲ್ಲೂ ಸಿಗ್ತಿಲ್ಲ. ಅರಗಲ್ಲಿ ಮಾಡ್ಕೊಡ್ತೀಯಾ?"

ಹೂಂ ಅಂದೆ. ಎರಡು ದಿನದ ಹಿಂದಷ್ಟೇ ಯಜಮಾನರು ಆ ರಸ್ತೆಯಲ್ಲೇ ಬಂದಿದ್ದರು. ಟಿಪ್ಪರಿನ ಎಡಗಡೆಯ ಇಂಡಿಕೇಟರ್ ಒಡೆದಿತ್ತು. ಕಲ್ಲು ಸಿಡಿಯಿತು ಎಂದಿದ್ದರು. ಊಟಕ್ಕೆ ಬಂದಾಗ ಕೇಳಿಯೇಬಿಟ್ಟೆ. ಬಾಯಿಗೆ ಒಯ್ದ ತುತ್ತನ್ನು ತಟ್ಟೆಗೆ ಹಾಕಿದರು.

"ಅಡ್ಡ ಬಂದ್ಬುಡ್ತು ಕಣೆ. ಯಾರ್ಗೂ ಹೇಳ್ಬೇಡ. ಜೈಲಿಗೆ ಹಾಕ್ಬುಡ್ತಾರೆ."

ಇಬ್ಬರು ಹೆಣ್ಣುಮಕ್ಕಳು ಪಕ್ಕದಲ್ಲೇ ಉಣ್ಣುತ್ತಿದ್ದರು. ನಾನು ಬಾಯಿ ಮುಚ್ಚಿಕೊಂಡೆ. ಮರುದಿನ ಕಣ್ಣು ಕಡೆಯಲು ಕೂತೆ.

ನಾನು ಮಾಡಿದ ಜೋಡಿಯನ್ನು ಅಟೆಂಡರಣ್ಣ ಬೆಳಕಿಗೆ ಹಿಡಿದು ನೋಡಿ ನಕ್ಕರು. "ಇದು ಬೊಂಬೆ ಕಣ್ಣಾಯ್ತು ಕಣವ್ವ. ಜಿಂಕೆ ಪಾಪೆ ಅಡ್ಡಕ್ಕಿರ್ತೈತೆ, ಮೇಕೆ ಥರ. ಹೋಗಿ ಒಂದು ಮೇಕೆ ಮುಖ ನೋಡ್ಕೊಂಡ್ ಬಾ."

ಹುಟ್ಟಿದಾಗಿನಿಂದ ಮೇಕೆಗಳ ನಡುವೆ ಬೆಳೆದವಳು, ಒಂದರ ಕಣ್ಣನ್ನೂ ನೆಟ್ಟಗೆ ನೋಡಿರಲಿಲ್ಲ. ನಮ್ಮ ಯಂತ್ರವೋ, ದುಂಡಗಿನದನ್ನು ಬಿಟ್ಟರೆ ಬೇರೇನೂ ಅರಿಯದು. ಕೊನೆಗೆ ಮೊಳೆ ಕಾಯಿಸಿ ಅಡ್ಡಕ್ಕೆ ಕೊರೆದು, ಕರಿ ಅರಗು ತುಂಬಿ, ತಾಳೆಗರಿಯಿಂದ ಉಜ್ಜಿದೆ. ನಾಲ್ಕು ಜೋಡಿ ಹಾಳಾದ ಮೇಲೆ ಒಂದು ಸರಿಬಂತು.

ಅದನ್ನು ಒಯ್ಯಲು ಬಂದ ದಿನ ಅಟೆಂಡರಣ್ಣ ತಮ್ಮ ಕೆಲಸವನ್ನೆಲ್ಲ ವಿವರಿಸಿದರು. ಸುಲಿಯುವ ಮೊದಲೇ ಕತ್ತು, ಎದೆ, ತೊಡೆಗಳ ಸುತ್ತಳತೆ ದಾರದಲ್ಲಿ ತೆಗೆದಿಟ್ಟುಕೊಳ್ಳಬೇಕು. ಚರ್ಮಕ್ಕೆ ಉಪ್ಪು ತಿಕ್ಕಿ, ಪಟಿಕದ ನೀರಿನಲ್ಲಿ ನೆನೆಹಾಕಿ, ಒಳಗಿನ ಮಾಂಸದ ಪೊರೆಯನ್ನೆಲ್ಲ ಹೆರೆಯಬೇಕು. ಕಾಲಿಗೆ ಕಬ್ಬಿಣದ ಸರಳು, ಬೆನ್ನಿಗೆ ಹಲಗೆ. ಅದರ ಮೇಲೆ ಮರದ ಹೆರೆಸಿಪ್ಪೆಯನ್ನು ದಾರದಿಂದ ಬಿಗಿದು ಬಿಗಿದು ಮೈ ಕಟ್ಟಬೇಕು. ಕಣ್ಣಿನ ಸುತ್ತ ಜೇಡಿಮಣ್ಣು.

"ಕಣ್ಣು ಹೊರಕ್ಕೆ ಬಂದ್ರೆ ಹೆದರ್ಕೊಂಡಂಗೆ ಕಾಣ್ತದೆ. ರೆಪ್ಪೆ ಒಸಿ ಮೇಲೆ ಕೂರ್ಬೇಕು," ಎಂದರು. "ಹೆದರಿದ್ದು ಸಾಕು ಅದು."

ನನಗೆ ಅವರ ಮುಖ ನೋಡಲಾಗಲಿಲ್ಲ. ಯಂತ್ರದ ಕೆಳಗೆ ಬಿದ್ದಿದ್ದ ಕೆಂಪು, ಹಳದಿ ಬಣ್ಣ ಹತ್ತಿದ ಸಿಪ್ಪೆಯನ್ನು ಮೂರು ಚೀಲ ತುಂಬಿಕೊಟ್ಟೆ. ನಾವು ಕೊಂದ ಜಿಂಕೆಯ ಹೊಟ್ಟೆಗೆ ನಾವೇ ತುಂಬುತ್ತಿದ್ದೇವೆ ಅನ್ನಿಸಿತು.

ಮತ್ತೊಮ್ಮೆ ಬಂದಾಗ ಟಿಪ್ಪರ್ ಮನೆ ಮುಂದೆಯೇ ನಿಂತಿತ್ತು. ಒಡೆದ ಇಂಡಿಕೇಟರ್ ಹಾಗೆಯೇ ಇತ್ತು. ಅಟೆಂಡರಣ್ಣ ಅದರ ಎದುರು ಒಂದು ಗಳಿಗೆ ನಿಂತರು. ಆಮೇಲೆ ಜಗಲಿ ಹತ್ತಿ, ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ನನ್ನ ಯಂತ್ರದ ಮೇಲೆ ಬಿಚ್ಚಿಟ್ಟರು. ಕಿತ್ತಳೆ ಬಣ್ಣದ ಒಂದು ಪ್ಲಾಸ್ಟಿಕ್ ಚೂರು.

"ಚರ್ಮ ಹೆರೀವಾಗ ಸಿಕ್ತು, ಎಡಗಡೆ ಭುಜದಲ್ಲಿ."

ಯಜಮಾನರು ಒಳಗೇ ಇದ್ದರು, ಕೆಮ್ಮು ಕೂಡ ಕೇಳಿಸಲಿಲ್ಲ. ಅಟೆಂಡರಣ್ಣ ನನ್ನ ಎದುರು ಕೂತರು. ಕೇಳಲಿಲ್ಲ. ನಾನೂ ಹೇಳಲಿಲ್ಲ.

"ನನ್ನ ಯಾರೂ ಏನೂ ಕೇಳ್ನಿಲ್ಲ ಕಣವ್ವ. ಇದ್ನ ನೀನೇ ಮಡಿಕೋ," ಎಂದು ಎದ್ದು ಹೋದರು. ಆಮೇಲೆ ಅವರು ನಮ್ಮ ಬೀದಿಗೆ ಬರಲೇ ಇಲ್ಲ...

ಅವರ ಬಳಿ ಹೋಗಿ ಹೇಳಿಬಿಡಬೇಕು ಎಂದು ಎಷ್ಟೋ ಸಲ ಅಂದುಕೊಂಡೆ. ಹಬ್ಬ ಕಳೆಯಲಿ, ಮಗಳ ಮದುವೆ ಮುಗಿಯಲಿ ಎಂದು ಮುಂದೂಡಿದೆ. ಹೇಡಿತನಕ್ಕೆ ನೆಪಗಳ ಬರ ಇರುವುದಿಲ್ಲ.

ಡಬ್ಬಿ ಸುರುವಿದ ಮರುದಿನ ಪೊಟ್ಟಣವನ್ನು ಮುಷ್ಟಿಯಲ್ಲಿಟ್ಟುಕೊಂಡು ಕಾಲೇಜಿಗೆ ಹೋದೆ. ಅಟೆಂಡರಣ್ಣ ತೀರಿಕೊಂಡು ಆರು ವರ್ಷವಾಯಿತೆಂದು ಅಲ್ಲಿನ ಹುಡುಗಿ ಹೇಳಿದಳು. ಜಿಂಕೆ ಕೋಣೆಯ ಮೂಲೆಯಲ್ಲಿತ್ತು. ಕಿವಿ ಹರಿದಿತ್ತು, ರೋಮ ಉದುರಿತ್ತು. ಕಣ್ಣು ಮಾತ್ರ ಹಾಗೇ ಇತ್ತು, ರೆಪ್ಪೆಯ ಕೆಳಗೆ ಶಾಂತವಾಗಿ. ಎಡಮಗ್ಗುಲು ಗೋಡೆಗೆ ಒತ್ತಿಕೊಂಡಿತ್ತು.

"ಅದನ್ನ ಗೋಡೆಯಿಂದ ಕದಲಿಸ್ಬ್ಯಾಡಿ ಅಂತ ಅಟೆಂಡರ್ ತಾತ ಹೇಳಿದ್ರಂತೆ," ಎಂದಳು ಹುಡುಗಿ.

ಬಗ್ಗಿ ಸಂದಿಯಲ್ಲಿ ನೋಡಿದೆ. ಭುಜದ ಮೇಲೆ ಗೇಣುದ್ದ ಹೊಲಿಗೆ. ಯಾರೂ ನೋಡದ ಆ ಕಡೆಗೂ ಅಕ್ಕಿಕಾಳಿನಷ್ಟು ಸಣ್ಣ ಹೊಲಿಗೆ ಹಾಕಿದ್ದರು. ಒಂದು ಕಡೆ ಬಿಚ್ಚಿಕೊಂಡು, ನಮ್ಮ ಮನೆಯ ಕೆಂಪು ಸಿಪ್ಪೆ ಇಣುಕುತ್ತಿತ್ತು.

"ನೀವ್ಯಾರಮ್ಮ?" ಎಂದು ಹುಡುಗಿ ಕೇಳಿದಳು.

"ಇದ್ರ ಕಣ್ಣು ಮಾಡ್ದೋಳು," ಅಂದೆ.

ಉತ್ತರದ ಉಳಿದ ಅರ್ಧ ಬಾಯಿಗೆ ಬಂತು. ಅದನ್ನು ಕೇಳಬೇಕಾದವರು ಅಲ್ಲಿರಲಿಲ್ಲ. ಪೊಟ್ಟಣ ಮುಷ್ಟಿಯಲ್ಲೇ ಬೆವೆತು, ನನ್ನ ಜೊತೆ ಮನೆಗೆ ವಾಪಸು ಬಂತು.